ನನ್ನ ಕನ್ನಡದ ಊರು

(ಸಂಘದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕೇಂದ್ರ ಸರ್ಕಾರದ ನೌಕರನಾದವನು ತನ್ನ ಸೇವಾ ಪುಸ್ತಕದಲ್ಲಿ ಒಂದು ‘ಸ್ವಗ್ರಾಮ’ವನ್ನು ಘೋಷಿಸಬೇಕು. ನಾವೆಲ್ಲ ಎಲ್‌.ಟಿ.ಸಿ. ಎಂದು ಕರೆಯುವ ರಜಾ ಪ್ರವಾಸದ ಸೌಲಭ್ಯಕ್ಕಾಗಿ ಈ ಘೋಷಣೆ. ಒಮ್ಮೆ ಬರೆದದ್ದು ಸಾಮಾನ್ಯವಾಗಿ ಅಂತಿಮ. ವಿಶೇಷ ಕಾರಣವಿದ್ದರೆ ಇಡೀ ಸೇವಾವಧಿಯಲ್ಲಿ ಒಂದೇ ಬಾರಿ ಬದಲಿಸಬಹುದು. ನನ್ನ ಪುಸ್ತಕದಲ್ಲಿರುವುದು ಉಡುಪಿ ಸಮೀಪದ ಒಂದು ಹಳ್ಳಿಯ ಹೆಸರು. ಅದು ನನ್ನ ತಂದೆ ಹುಟ್ಟಿದ ಊರು. ಅಲ್ಲಿ ಕುಟುಂಬದ ಮನೆಯಿದೆ, ದೈವಸ್ಥಾನವಿದೆ, ಬಂಧುಬಳಗವಿದೆ. ಆದರೆ ನಾನು ಬೆಳೆದದ್ದು ಲಾಲ್‌ಬಾಗಿನ ಒಂದು ಚಾಳಿನಲ್ಲಿ. ಹೀಗಾಗಿ ಈ ಬಾರಿ ಮಡದಿ ಮಕ್ಕಳೊಡನೆ ದೆಹಲಿಯಿಂದ ನನ್ನ ಬಾಲ್ಯದ ನೆಲಕ್ಕೆ ಬರಲು ನಾನು ಅರ್ಜಿ ಹಾಕಿದ್ದು ‘ಭಾರತದ ಯಾವುದೇ ಭಾಗ’ ಎಂಬ ವಿಭಾಗದಲ್ಲಿ. ಕಾಶ್ಮೀರ ನೋಡಲು ಹೋಗುವವರಿಗೂ ಅದೇ ವಿಭಾಗ, ನನ್ನ ಶಾಲೆಯನ್ನು ನೋಡಲು ಬರುವ ನನಗೂ ಅದೇ ವಿಭಾಗ.

ನಿಯಮವನ್ನು ನಾನು ದೂರುತ್ತಿಲ್ಲ. ಸರ್ಕಾರದ ನಮೂನೆಯಲ್ಲಿ ಇರುವ ಈ ತೊಡಕು ಹೊರನಾಡ ಕನ್ನಡಿಗನ ಮನಸ್ಸಿನಲ್ಲೂ ಇದೆ. ‘ಊರು’ ಎಂದಾಗ ನಾವು ಕರ್ನಾಟಕದ ಕಡೆಗೆ ಬೆರಳು ತೋರಿಸುತ್ತೇವೆ. ಮುಂಬಯಿ ದುಡಿಯುವ ಜಾಗ, ಕನ್ನಡದ ಜಾಗ ಬೇರೆಲ್ಲೋ ಇದೆ ಎನ್ನುತ್ತೇವೆ. ನನ್ನ ಮಟ್ಟಿಗೆ ಈ ಮಾತು ನಿಜವಲ್ಲ. ನಮ್ಮ ಮನೆಯ ಮಾತು ತುಳು. ಗಲ್ಲಿಯ ಮಾತು ಮರಾಠಿ. ಕನ್ನಡ ನನಗೆ ಸಿಕ್ಕಿದ್ದು ಚಾಳಿನಿಂದ ಹತ್ತು ನಿಮಿಷದ ನಡಿಗೆಯಲ್ಲಿದ್ದ ಮುನ್ಸಿಪಾಲಿಟಿ ಶಾಲೆಯಲ್ಲಿ. ನನ್ನನ್ನು ಕನ್ನಡಿಗನನ್ನಾಗಿ ಮಾಡಿದ್ದು ಉಡುಪಿಯಲ್ಲ, ಮುಂಬಯಿ. ಕರಾವಳಿಯಿಂದ ಬಂದ ಎಷ್ಟೋ ತುಳು, ಕೊಂಕಣಿ ಮನೆಗಳ ಕಥೆಯೂ ಇದೇ.

ಇತಿಹಾಸವೂ ಇದಕ್ಕೆ ಸಾಕ್ಷಿ ಹೇಳುತ್ತದೆ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಆ ಭಾಗದವರಿಗೆ ಮುಂಬಯಿ ಪರಸ್ಥಳವಾಗಿರಲಿಲ್ಲ, ರಾಜಧಾನಿಯಾಗಿತ್ತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವ ಮೊದಲು ಅವರ ಪದವಿಗಳು ಇಲ್ಲಿಂದಲೇ ಬರುತ್ತಿದ್ದವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಈ ನಗರದಲ್ಲಿ ಸ್ಥಾಪನೆಯಾದವು. ಇವೆಲ್ಲ ಕರ್ನಾಟಕ ರಾಜ್ಯಕ್ಕಿಂತ ಹಿರಿಯ ಸಂಸ್ಥೆಗಳು. 1951ರಲ್ಲಿ ಮಂಜೇಶ್ವರ ಗೋವಿಂದ ಪೈಗಳ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಮುಂಬಯಿಯಲ್ಲಿ. ಗಡಿರೇಖೆ ಎಳೆದ ಮೇಲೆ ನಾವು ‘ಹೊರನಾಡಿನವರು’ ಆದೆವು. ಕನ್ನಡ ಅದಕ್ಕೂ ಮೊದಲಿನಿಂದ ಇಲ್ಲಿ ಮನೆ ಮಾಡಿಕೊಂಡಿತ್ತು.

ಈ ಎಂಟು ದಿನ ಮಕ್ಕಳಿಗೆ ತೋರಿಸಲು ಹೊರಟದ್ದು ಆ ಮನೆಯನ್ನೇ. ಮಗಳಿಗೆ ಇಪ್ಪತ್ತನಾಲ್ಕು, ಮಗನಿಗೆ ಹದಿನಾರು. ನನ್ನ ವರ್ಗಾವಣೆಗಳ ದೆಸೆಯಿಂದ ಅವರು ಬೆಳೆದದ್ದು ಕೋಲ್ಕತ್ತ, ನಾಗಪುರ, ದೆಹಲಿಗಳಲ್ಲಿ. ನನ್ನಾಕೆ ಧಾರವಾಡದ ಕಡೆಯವಳಾದ್ದರಿಂದ ಮನೆಯಲ್ಲಿ ಕನ್ನಡವೇ ನಡೆಯುತ್ತದೆ. ಮಾತು ಉಂಟು, ಓದು ಇಲ್ಲ.

ಮೊದಲ ದಿನ ಮಾಟುಂಗ ಸ್ಟೇಷನ್ನಿನ ಬಳಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆ ಊಟ ಮಾಡಿದೆವು. ಮರುದಿನ ಭಾಯಖಳದ ರಾಣಿಬಾಗು. ನಾನು ಅಲ್ಲಿ ಹುಡುಕಿದ್ದು ಆನೆಯನ್ನು, ಮಕ್ಕಳು ಹುಡುಕಿದ್ದು 2017ರಿಂದ ಅಲ್ಲಿ ಜನರಿಗೆ ನೋಡಸಿಗುವ ಪೆಂಗ್ವಿನ್‌ಗಳನ್ನು. ಎರಡಂತಸ್ತಿನ ಕೆಂಪು ಬಸ್ಸಿನ ಮೇಲ್ಗಡೆ, ಎದುರು ಕಿಟಕಿಯ ಸೀಟಿನಲ್ಲಿ ಅವರನ್ನು ಕೂರಿಸುವ ಆಸೆ ನನಗಿತ್ತು. ಆ ಹಳೆಯ ಡೀಸೆಲ್ ಬಸ್ಸುಗಳು 2023ರ ಸೆಪ್ಟೆಂಬರಿನಲ್ಲಿ ರಸ್ತೆಯಿಂದ ನಿವೃತ್ತವಾದವು. ಈಗಿನ ವಿದ್ಯುತ್ ಚಾಲಿತ ಎರಡಂತಸ್ತಿನ ಬಸ್ಸುಗಳಲ್ಲಿ ಕಿಟಕಿ ತೆರೆಯುವಂತಿಲ್ಲ. ಗಾಳಿಯಿಲ್ಲದಿದ್ದರೂ ನೋಟ ಅದೇ.

ಮೂರನೆಯ ದಿನ ಲಾಲ್‌ಬಾಗು. ನಮ್ಮ ಚಾಳು ಇದ್ದಲ್ಲಿ ಈಗ ಮೂವತ್ತಕ್ಕೂ ಮೀರಿದ ಅಂತಸ್ತುಗಳ ಕಟ್ಟಡ. ಶಾಲೆಯ ಕಟ್ಟಡ ಮಾತ್ರ ಹಾಗೆಯೇ ನಿಂತಿದೆ. ಆ ಕಾಲದ ಮುನ್ಸಿಪಾಲಿಟಿ ಶಾಲೆಗಳ ಏರ್ಪಾಡು ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಒಂದೇ ಕಟ್ಟಡದಲ್ಲಿ ಹಲವು ಭಾಷೆಗಳ ಶಾಲೆಗಳು ಬಾಳುತ್ತಿದ್ದವು. ನಮ್ಮಲ್ಲಿ ಕೆಳಗೆ ಮತ್ತು ಮೊದಲ ಮಹಡಿಯಲ್ಲಿ ಮರಾಠಿ, ಎರಡನೆಯದರಲ್ಲಿ ಒಂದು ಬದಿ ತೆಲುಗು, ಇನ್ನೊಂದು ಬದಿ ಕನ್ನಡ. ಮರಾಠಿ ಮಕ್ಕಳು ತಮ್ಮ ಶಿಕ್ಷಕಿಯನ್ನು ‘ಬಾಯಿ’ ಎಂದರೆ, ವಿಜಾಪುರದ ಕಡೆಯಿಂದ ಬಂದಿದ್ದ ನಮ್ಮ ಶಿಕ್ಷಕಿಯನ್ನು ನಾವು ‘ಅಕ್ಕೋರೇ’ ಎನ್ನುತ್ತಿದ್ದೆವು. ತುಳು ನಾಲಗೆಯ ಮಕ್ಕಳಿಗೆ ಅವರು ಕಲಿಸಿದ್ದು ವಿಜಾಪುರದ ಲಯದ ಕನ್ನಡ. ಕರ್ನಾಟಕದೊಳಗೆ ಬೆಳೆದಿದ್ದರೆ ನನಗೆ ಬಹುಶಃ ಒಂದೇ ಸೀಮೆಯ ಕನ್ನಡ ದೊರೆಯುತ್ತಿತ್ತು. ಇಡೀ ಕರ್ನಾಟಕದ ಪರಿಚಯ ನನಗಾದದ್ದು ಆ ಎರಡನೆಯ ಮಹಡಿಯಲ್ಲಿ.

ಇಂದು ಆ ಕಟ್ಟಡದಲ್ಲಿ ಶಾಲೆ ಇದೆ, ಕನ್ನಡ ಇಲ್ಲ. ಗೇಟಿನ ಹೊರಗೆ ನಿಂತು ಇದನ್ನೆಲ್ಲ ಹೇಳುತ್ತಿದ್ದಾಗ ಮಗಳು ಕೇಳಿದಳು: “ಅಪ್ಪಾ, ಕನ್ನಡ ಇದ್ದದ್ದು ಯಾವ ಕಿಟಕಿಯಲ್ಲಿ?” ನಾನು ಕೈಯೆತ್ತಿ ತೋರಿಸಿದೆ. ಅವಳು ತನ್ನ ಫೋನಿನಲ್ಲಿ ಆ ಕಿಟಕಿಯ ಚಿತ್ರ ತೆಗೆದುಕೊಂಡಳು. ಜನರು ದೇವಸ್ಥಾನದ, ಕೋಟೆಯ ಚಿತ್ರ ತೆಗೆಯುತ್ತಾರೆ. ನನ್ನ ಮಗಳ ಪಾಲಿಗೆ ಕನ್ನಡದ ಸ್ಮಾರಕವೆಂದರೆ ಮುಚ್ಚಿದ ಒಂದು ಕಿಟಕಿ.

ಬಂಧುಗಳೇ, ಶಾಲೆ ಮುಚ್ಚಿತೆಂದು ಕಣ್ಣೀರು ಸುರಿಸುವುದು ಸುಲಭ. ಯಾವುದು ಏಕೆ ಮುಚ್ಚಿತು ಎಂಬುದನ್ನು ಬಿಡಿಸಿ ನೋಡುವುದು ಅಗತ್ಯ. ನನ್ನ ತಂದೆ ಹನ್ನೆರಡನೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು ಕೋಟೆ ಪ್ರದೇಶದ ಒಂದು ಹೋಟೆಲಿನಲ್ಲಿ ಮಾಣಿಯಾದವರು. ಹಗಲು ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ನಾಲ್ಕಕ್ಷರ ಬಂದದ್ದರಿಂದ ಗಿರಣಿಯ ಟೈಮ್‌ಕೀಪರನ ಕೈಕೆಳಗೆ ಕೆಲಸ ಹಿಡಿದರು. ಅಂಥ ರಾತ್ರಿಶಾಲೆಗಳು ಈ ಸಮಾಜದ ದೊಡ್ಡ ಪುಣ್ಯಕಾರ್ಯ. ಆದರೆ ಅವುಗಳ ಬೆಂಚು ತುಂಬಿದ್ದು ಹಗಲಿನಲ್ಲಿ ದುಡಿಯಬೇಕಾಗಿದ್ದ ಬಾಲಕರಿಂದ. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾ ಮತ್ತು ಮನೆಗೆಲಸಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದು ನಿಷಿದ್ಧವಾಯಿತು. ಅದಕ್ಕೂ ಮೊದಲೇ ಕರಾವಳಿಯ ಹಳ್ಳಿಗಳಲ್ಲಿ ಹೈಸ್ಕೂಲುಗಳು ಎದ್ದು, ಅಂಥ ಹುಡುಗರು ಬಸ್ಸು ಹತ್ತುವುದು ಕಡಿಮೆಯಾಗುತ್ತ ಬಂದಿತ್ತು. ಹೋಟೆಲಿನ ಮಾಣಿ ಇಲ್ಲದ್ದರಿಂದ ರಾತ್ರಿಶಾಲೆಯ ಬೆಂಚು ಬರಿದಾಗಿದ್ದರೆ, ಅದು ದುಃಖಿಸುವ ಸುದ್ದಿಯಲ್ಲ. ನನ್ನ ತಂದೆ ಇಂದು ಬದುಕಿದ್ದರೆ ಸಂತೋಷಪಡುತ್ತಿದ್ದರು.

ಹಗಲಿನ ಶಾಲೆಗಳು ಬರಿದಾದ ಕಥೆ ಬೇರೆ. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಗಿರಣಿ ಮುಷ್ಕರ ಆರಂಭವಾದಾಗ ನಾನು ಎಂಟನೆಯ ತರಗತಿಯಲ್ಲಿದ್ದೆ. ಎರಡೂವರೆ ಲಕ್ಷದಷ್ಟು ಕಾರ್ಮಿಕರ ಆ ಮುಷ್ಕರ ಒಂದು ದಿನ ನಿಂತಿತೆಂದು ಯಾರೂ ಸಾರಲಿಲ್ಲ. ಅದು ಹಾಗೆಯೇ ಕರಗಿಹೋಯಿತು, ಅದರೊಡನೆ ಗಿರಣಗಾವೂ ಕರಗಿತು. ನನ್ನ ತಂದೆ ಮರಳಿ ಸೌಟು ಹಿಡಿದು ಡೊಂಬಿವಲಿಯ ಒಂದು ಹೋಟೆಲು ಸೇರಿದರು. ಚಾಳಿನ ಕೋಣೆ ಬಿಟ್ಟು ನಾವೂ ಅವರ ಹಿಂದೆ ಉಪನಗರಕ್ಕೆ ಹೋದೆವು. ನಮ್ಮಂತೆಯೇ ಸಾವಿರಾರು ಮನೆಗಳು ಕಲ್ಯಾಣ, ಠಾಣೆ, ವಸಾಯಿಗಳ ಕಡೆಗೆ ಚದುರಿದವು. ಮನೆಗಳು ಚದುರಿದ ಮೇಲೆ ಲಾಲ್‌ಬಾಗು, ಪರೇಲುಗಳ ಕನ್ನಡ ತರಗತಿಗಳಿಗೆ ಮಕ್ಕಳು ಎಲ್ಲಿಂದ ಬರಬೇಕು? ಆ ಬಳಿಕ ತಾಯಿತಂದೆಯರು ಇಂಗ್ಲಿಷ್ ಶಾಲೆಗಳತ್ತ ಹೊರಳಿದರು. ಅವರನ್ನು ಹಳಿಯಲು ನನಗೆ ನಾಲಗೆ ಬಾರದು. ಗಿರಣಿಯ ಬಾಗಿಲು ಮುಚ್ಚಿದ್ದನ್ನು ಕಂಡವರು ಮಕ್ಕಳಿಗೆ ಹೆಚ್ಚು ಬಾಗಿಲುಗಳಿರಲಿ ಎಂದು ಬಯಸಿದರು.

ಆ ಮುಷ್ಕರದ ವರ್ಷಗಳಲ್ಲಿ ನನ್ನನ್ನು ಓದಿನಲ್ಲಿ ಉಳಿಸಿದ್ದು ಉಪನಗರದ ಒಂದು ಕನ್ನಡ ಶಾಲೆ. ನಮ್ಮವರೇ ಚಂದಾ ಎತ್ತಿ ಕಟ್ಟಿದ ಶಾಲೆ. ಶುಲ್ಕ ಕಟ್ಟಲಾಗದ ಹುಡುಗರ ಪಟ್ಟಿಯನ್ನು ಅವರು ಎಂದೂ ಗೋಡೆಗೆ ಅಂಟಿಸಲಿಲ್ಲ. ಮುಂದೆ ಕಲಿನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಸೇರಿ ಎಂ.ಎ. ಮುಗಿಸಿದೆ. ಮೊದಲ ಅಕ್ಷರದಿಂದ ಸ್ನಾತಕೋತ್ತರ ಪದವಿಯವರೆಗೆ ನನ್ನ ಕನ್ನಡ ಈ ನಗರದ ಎಲ್ಲೆ ದಾಟಲಿಲ್ಲ. ಬಾಲ್ಯದ ನೆಲವನ್ನು ಪ್ರೀತಿಸಲು ನನಗೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಬೇಕು, ಕೆಲವರಿಗೆ ರುಚಿಸದಿರಬಹುದು. ನನಗೆ ಪುಕ್ಕಟೆಯಾಗಿ ಕನ್ನಡ ಕಲಿಸಿದ್ದು ಮಹಾರಾಷ್ಟ್ರದ ರಾಜಧಾನಿಯ ನಗರಪಾಲಿಕೆ. ಪುಸ್ತಕ, ಪಾಟಿ, ಅಕ್ಕೋರ ಸಂಬಳ ಎಲ್ಲವೂ ಈ ನಗರದ ತೆರಿಗೆದಾರರ ಹಣದಿಂದ ಬಂದವು. ಆ ತೆರಿಗೆದಾರರಲ್ಲಿ ಹೆಚ್ಚಿನವರು ಕನ್ನಡದವರಲ್ಲ. ಬೆಳಗಾವಿಯ ವಿಷಯ ಬಂದಾಗ ನಮ್ಮ ರಕ್ತ ಬೇಗನೆ ಕಾಯುತ್ತದೆ. ಗಡಿಯ ಬಗ್ಗೆ ನಮ್ಮ ನಿಲುವು ಗಟ್ಟಿಯಾಗಿಯೇ ಇರಲಿ. ಆದರೆ ಆ ಬದಿಯ ಮರಾಠಿ ಶಾಲೆಯ ಮಗುವಿನ ಬಗ್ಗೆ ಮಾತಾಡುವಾಗ, ಈ ಬದಿಯ ಎರಡನೆಯ ಮಹಡಿಯಲ್ಲಿ ಕೂತಿದ್ದ ಮಗುವನ್ನೂ ನೆನೆಯಬೇಕು. ಉಂಡ ಮನೆಯ ಜಂತೆ ಎಣಿಸಬಾರದೆಂದು ನಮ್ಮ ಹಿರಿಯರು ಕಲಿಸಿದ್ದಾರೆ.

ಪ್ರವಾಸದ ಕೊನೆಯ ದಿನಗಳಲ್ಲಿ ಬಾಂದ್ರಾದ ಕಡಲ ದಂಡೆಗೆ ಹೋದೆವು. ಯಶವಂತ ಚಿತ್ತಾಲರು ಬಾಳಿದ್ದು ಅಲ್ಲೇ, ಆ ಕಡಲಿಗೆ ಎದುರಾಗಿ. ‘ಶಿಕಾರಿ’ ಬರೆದದ್ದು ಈ ನಗರದ ಬದುಕಿನಿಂದ. ಗಿರಣಿ ಕಾರ್ಮಿಕರ ಲೋಕ ವ್ಯಾಸರಾಯ ಬಲ್ಲಾಳರ ‘ಬಂಡಾಯ’ದಲ್ಲಿದೆ, ಅದಕ್ಕೆ 1986ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇದನ್ನು ಹೇಳುತ್ತಿರುವಾಗ ಮಗಳು, ತಾನು ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ಓದಿರುವುದಾಗಿ ಹೇಳಿದಳು. ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದಲ್ಲಿ. ದಕ್ಷಿಣ ಏಷ್ಯಾ ಸಾಹಿತ್ಯಕ್ಕೆ ಕೊಡುವ ಡಿ.ಎಸ್.ಸಿ. ಬಹುಮಾನ ಪಡೆದ ಪುಸ್ತಕವದು. ಅನುವಾದ ಒಳ್ಳೆಯದೇ, ಅದಿಲ್ಲದಿದ್ದರೆ ಆ ಕಥೆಗಳು ಅವಳಿಗೆ ದೊರೆಯುತ್ತಲೇ ಇರಲಿಲ್ಲ. ಆದರೂ ನನ್ನ ಊರಿನ ಬಗ್ಗೆ, ನನ್ನ ಭಾಷೆಯಲ್ಲಿ ಬರೆದ ಪುಸ್ತಕವನ್ನು, ಮನೆಯಲ್ಲಿ ಅದೇ ಭಾಷೆ ಆಡುವ ನನ್ನ ಮಗಳು ಇಂಗ್ಲಿಷಿನ ಮೂಲಕ ತಲುಪಿದಳು. ನಮ್ಮ ಮುಂದಿನ ಪೀಳಿಗೆಯ ಸ್ಥಿತಿ ಇಷ್ಟರಲ್ಲೇ ಇದೆ.

ಈ ಸ್ಥಿತಿ ಬದಲಾಗದ್ದೇನಲ್ಲ. ಹಿಂದಿ ಓದಬಲ್ಲ ನನ್ನ ಮಗನಿಗೆ ಈ ಎಂಟು ದಿನ ಲೋಕಲ್ ಗಾಡಿಯಲ್ಲಿ ಕೂತು ಕನ್ನಡ ಅಕ್ಷರ ಹೇಳಿಕೊಟ್ಟೆ. ಕ ಖ ಗ ಘ ಎಂಬ ವರ್ಗಗಳ ಕ್ರಮ ಎರಡಕ್ಕೂ ಒಂದೇ, ಕಲಿಯಬೇಕಾದದ್ದು ಆಕಾರ ಮಾತ್ರ. ಆರನೆಯ ದಿನ ಒಂದು ಸಂಘದ ನಾಮಫಲಕದ ಮುಂದೆ ನಿಂತು ‘ಕರ್ನಾಟಕ’ ಓದಲು ಹೊರಟು ಎಡವಿದ. ದೇವನಾಗರಿಯಲ್ಲಿ ಅಕ್ಷರದ ತಲೆಯ ಮೇಲೆ ಕೂರುವ ರೇಫ, ಕನ್ನಡದಲ್ಲಿ ಅಕ್ಷರದ ನಂತರ ಅರ್ಕಾವತ್ತಾಗಿ ಬರುತ್ತದೆ. ಆದರೆ ಉಚ್ಚಾರದಲ್ಲಿ ಮೊದಲು. “ಆಮೇಲೆ ಬರೆದದ್ದನ್ನು ಮೊದಲು ಓದಬೇಕೇ?” ಎಂದು ನಕ್ಕ. ಅದಾದ ಮೇಲೆ ಎಡವಲಿಲ್ಲ.

ಆದ್ದರಿಂದ ಸಂಘದ ಮುಂದೆ ನನ್ನ ವಿನಂತಿ ಎರಡು. ಮೊದಲನೆಯದು, ಭಾನುವಾರ ಬೆಳಗ್ಗೆ ಈ ಸಭಾಂಗಣದಲ್ಲಿ ಎರಡು ಗಂಟೆಯ ಅಕ್ಷರ ತರಗತಿ. ಮಗು ಯಾವ ಮಾಧ್ಯಮದಲ್ಲಾದರೂ ಓದಲಿ. ಈ ನಗರದ ಶಾಲೆಯಲ್ಲಿ ಅದು ಮರಾಠಿ, ಹಿಂದಿ ಕಲಿತೇ ಕಲಿಯುತ್ತದೆ. ಆ ಲಿಪಿಯನ್ನು ಏಣಿಯಾಗಿಸಿಕೊಂಡರೆ ಕನ್ನಡದ ಓದು ಒಂದು ಮಳೆಗಾಲದ ಕೆಲಸ. ಪಾಠ ಹೇಳಲು ನಿವೃತ್ತ ಶಿಕ್ಷಕರು ಈ ಸಭೆಯಲ್ಲೇ ಇದ್ದಾರೆ. ಎರಡನೆಯದು, ಮುಂಬಯಿ ಮತ್ತು ಉಪನಗರಗಳಲ್ಲಿ ಕನ್ನಡ ಶಾಲೆಗಳು ಎಲ್ಲೆಲ್ಲಿ, ಯಾವ ಕಟ್ಟಡದ ಯಾವ ಮಹಡಿಯಲ್ಲಿ ನಡೆದವು, ಯಾರು ಕಲಿಸಿದರು, ಯಾವಾಗ ನಿಂತವು ಎಂಬುದನ್ನು ಅಲ್ಲಿ ಕಲಿತವರಿಂದಲೇ ಬರೆಸಿ ಈ ಪತ್ರಿಕೆಯಲ್ಲಿ ಕ್ರಮವಾಗಿ ಪ್ರಕಟಿಸುವುದು. ಹೇಳಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.

ನಾವು ಊರಿನ ನೆನಪನ್ನು ಯಕ್ಷಗಾನದಲ್ಲಿ, ಶನಿಪೂಜೆಯಲ್ಲಿ, ಊಟದ ಎಲೆಯಲ್ಲಿ ಜೋಪಾನ ಮಾಡಿದ್ದೇವೆ. ಅದು ನಮ್ಮ ತಂದೆತಾಯಿಯರ ಬಾಲ್ಯ. ಇಲ್ಲಿ ಹುಟ್ಟಿದ ಮಗುವಿಗೆ ಇಲ್ಲಿಯೇ ಒಂದು ಕನ್ನಡದ ಬಾಲ್ಯ ಬೇಕು. ಐವತ್ತು ದಾಟಿದ ಮೇಲೆ ಅದು ತನ್ನ ಮಕ್ಕಳನ್ನು ಕರೆತಂದು, ಕನ್ನಡ ಕಲಿತದ್ದು ಇಲ್ಲಿ ಎಂದು ತೋರಿಸಲು ತೆರೆದ ಒಂದು ಬಾಗಿಲು ಬೇಕು. ಆ ಬಾಗಿಲು ಈ ಸಂಘದ್ದಾಗಲಿ.