ಸಂಗೀತಶಾಲೆಯ ಗುರುಗಳು ಎಲ್ಲಿಂದ ಬಂದವರು?

(ಊರಿನ ಸಾರ್ವಜನಿಕ ವಾಚನಾಲಯದಲ್ಲಿ ಮಾಡಿದ ಭಾಷಣ)



ಸಂಗೀತದ ವಿಷಯವಾಗಿ ಮಾತನಾಡಲು ಈ ವಕೀಲನನ್ನೇಕೆ ಕರೆದರೆಂದು ನಿಮ್ಮಲ್ಲಿ ಕೆಲವರು ಆಗಲೇ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಿರುವಿರಿ. ನಿಮ್ಮ ಸಂಶಯವು ನ್ಯಾಯವಾದದ್ದೇ. ನನ್ನ ಕಂಠವು ಕೋರ್ಟಿನಲ್ಲಿ ಒರಟಾದದ್ದು. ಅನ್ಯರ ಶ್ರುತಿ ತಪ್ಪಿದರೆ ನನಗೆ ತಿಳಿಯುವುದು, ನನ್ನದನ್ನು ಸರಿಪಡಿಸಿಕೊಳ್ಳಲು ಬಾರದು. ಆದರೆ ನನ್ನ ಕಸುಬಿನವರಿಗೆ ಒಂದು ಅಭ್ಯಾಸವುಂಟು. ಒಂದು ಹೊಲದ ಖರೀದಿಪತ್ರವು ಕೈಗೆ ಬಂದಿತೆಂದರೆ, ಅದು ಎಷ್ಟು ಎಕರೆಯೆಂದು ನೋಡುವುದಕ್ಕಿಂತ ಮೊದಲು, ಇದು ಮಾರುವವನಿಗೆ ಯಾರಿಂದ ಬಂದಿತು, ಅವನಿಗೆ ಕೊಟ್ಟವನಿಗೆ ಯಾರಿಂದ ಬಂದಿತು ಎಂದು ನಾವು ಹಿಂದೆ ಹಿಂದೆ ಹೋಗುತ್ತೇವೆ. ನಮ್ಮ ಊರಿನಲ್ಲಿ ವರ್ಗಣಿ ಕೂಡಿಸಿ ಒಂದು ಸಂಗೀತಶಾಲೆಯನ್ನು ತೆರೆಯಬೇಕೆಂದು ನಾಲ್ಕು ತಿಂಗಳಿಂದ ಮಾತು ನಡೆದಿದೆ. ಕಟ್ಟಡದ ಮಾತಾಯಿತು, ಹಾರ್ಮೋನಿಯಂ ತಬಲಾಗಳ ಮಾತಾಯಿತು, ಶುಲ್ಕವೆಷ್ಟೆಂಬ ಮಾತು ಎರಡು ಸಭೆಗಳನ್ನು ನುಂಗಿತು. ಅಲ್ಲಿ ಕಲಿಸುವವರು ಯಾರು, ಅವರು ಯಾರ ಬಳಿ ಕಲಿತವರು ಎಂಬ ಪ್ರಶ್ನೆಯನ್ನು ಮಾತ್ರ ಇದುವರೆಗೆ ಯಾರೂ ಎತ್ತಲಿಲ್ಲ. ಅದೊಂದನ್ನು ಎತ್ತುವ ಸಲುವಾಗಿಯೇ ನಾನು ನಿಂತಿದ್ದೇನೆ.

ಬೇರೆ ದೇಶದ ದೃಷ್ಟಾಂತವು ನಮಗೇಕೆ? ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡೋಣ. ಅಂಧರೂ ಬಡವರೂ ಆದ ಮಕ್ಕಳಿಗೆ ಅನ್ನವನ್ನೂ ಗಾನವನ್ನೂ ಒಂದೇ ಸೂರಿನ ಕೆಳಗೆ ಕೊಟ್ಟ ಶಾಲೆಯದು. ಅಲ್ಲಿಗೆ ಹೋಗಿಬಂದವರು ಅಲ್ಲಿಯ ದಾಸೋಹವನ್ನು ಹೊಗಳುತ್ತಾರೆ, ಜಾತ್ರೆಯನ್ನು ಹೊಗಳುತ್ತಾರೆ. ಅದೆಲ್ಲವೂ ಸರಿಯೇ. ಆದರೆ ಅಲ್ಲಿಯ ಮೊದಲನೆಯ ಗುರುವಿನ ಬೆನ್ನ ಹಿಂದೆ ಎಷ್ಟು ಮನೆಗಳ ಸಂಗೀತವು ನಿಂತಿದ್ದಿತೆಂಬುದನ್ನು ಹೇಳುವವರು ವಿರಳ.

ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಚಿಕ್ಕಂದಿನ ಹೆಸರು ಗದಿಗೆಯ್ಯ. ಕಣ್ಣಿಲ್ಲದ ಬಾಲಕ. ಅಂದಿನ ಕಾಲದಲ್ಲಿ ಅಂಥ ಹುಡುಗನಿಗೆ ಹಳ್ಳಿಯಲ್ಲಿ ಯಾವ ದಾರಿಯಿದ್ದಿತು? ಗುಡಿಯ ಕಟ್ಟೆ, ಇಲ್ಲವೆ ಸಂತೆಯ ಮೂಲೆ. ಆ ಕಂಠವನ್ನು ಕೇಳಿ, ಇದನ್ನು ಭಿಕ್ಷೆಗೆ ಬಿಡಬಾರದೆಂದು ನಿಶ್ಚಯಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು. ಅವರು ಹುಡುಗನನ್ನು ಮೆಚ್ಚಿ ಶಾಲು ಹೊದಿಸಿ ಕಳುಹಿಸಿಬಿಡಲಿಲ್ಲ. ಗುರುಗಳನ್ನು ಹುಡುಕಿ ಕೊಟ್ಟರು. ಮೊದಲು ಮೈಸೂರಿಗೆ ಕಳುಹಿಸಿ ಕರ್ನಾಟಕ ಸಂಗೀತವನ್ನು ಕಲಿಸಿದರು. ಆ ಮೇಲೆ ಹಿಂದುಸ್ತಾನಿ ಪದ್ಧತಿಯ ಅಭ್ಯಾಸವು ಮಿರಜದ ನೀಲಕಂಠಬುವಾ ಆಲೂರಮಠರಲ್ಲಿ ನಡೆಯಿತು. ಕಿರಾನಾ ಮನೆತನದ ಅಬ್ದುಲ್ ವಹೀದ್ ಖಾನ್ ಸಾಹೇಬರ ಪಾಠವೂ ಅವರಿಗೆ ದೊರೆಯಿತು.

ಈ ಹೆಸರುಗಳನ್ನು ಸುಮ್ಮನೆ ಓದಿ ಮುಂದೆ ಸಾಗಬೇಡಿರಿ. ನೀಲಕಂಠಬುವಾ ಅವರು ಇಚಲಕರಂಜಿಯ ಬಾಲಕೃಷ್ಣಬುವಾ ಅವರ ಶಿಷ್ಯರು. ಗ್ವಾಲಿಯರದ ಖಯಾಲನ್ನು ದಕ್ಷಿಣಕ್ಕೆ ತಂದು ಹರಡಿದ ಶ್ರೇಯಸ್ಸು ಆ ಬಾಲಕೃಷ್ಣಬುವಾ ಅವರದು. ಅವರ ಇನ್ನೊಬ್ಬ ಶಿಷ್ಯರೇ ವಿಷ್ಣು ದಿಗಂಬರ ಪಲುಸ್ಕರರು. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು, ಅರಸರ ಆಶ್ರಯವಿಲ್ಲದೆ, ಜನರ ಹಣದಿಂದಲೇ ಸಂಗೀತಶಾಲೆಯನ್ನು ನಡೆಯಿಸಬಹುದೆಂದು ತೋರಿಸಿಕೊಟ್ಟವರು. ಅವರ ಕಣ್ಣುಗಳೂ ಬಾಲ್ಯದಲ್ಲಿ ಪಟಾಕಿಯ ಸಿಡಿತದಿಂದ ಕೆಟ್ಟಿದ್ದವು. ಒಂದೇ ಬೇರಿನ ಎರಡು ಕವಲುಗಳು ಒಂದು ಲಾಹೋರಿನಲ್ಲಿ, ಒಂದು ಗದಗಿನಲ್ಲಿ ಚಿಗುರಿದುವು. ಎರಡೂ ಕಡೆ ಚಿಗುರಿಸಿದವರು ದೃಷ್ಟಿಯನ್ನು ಕಳೆದುಕೊಂಡವರೇ!

ಇನ್ನು ಕಲಿಸುವ ಪದ್ಧತಿಯ ಮಾತು. ಮೈಸೂರಿನ ಪಾಠವು ಸರಳೆ, ಜಂಟಿವರಸೆ, ಅಲಂಕಾರಗಳಿಂದ ಆರಂಭವಾಗತಕ್ಕದ್ದು. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆಯು ಹೇಳುವ ಈ ಮೆಟ್ಟಲುಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಹತ್ತಿಸುತ್ತಾರೆ. ಅದೇ ಹುಡುಗನು ಮಿರಜಕ್ಕೆ ಬಂದು ಭೈರವವನ್ನು ಕೇಳಿದಾಗ ಏನಾಗಿರಬೇಕು, ಯೋಚಿಸಿರಿ. ಸ್ವರಗಳು ಅವೇ ಏಳು. ಆದರೆ ರಿಷಭ ಧೈವತಗಳನ್ನು ತೂಗುವ ರೀತಿ ಬೇರೆ, ನಿಲ್ಲುವ ತಾಣ ಬೇರೆ, ಉಸಿರಿನ ಅಳತೆ ಬೇರೆ. ಇದು ತನ್ನದು, ಅದು ಪರರದು ಎಂದು ಒಂದನ್ನು ಕೈಬಿಡುವವನು ಅರ್ಧ ಗುರುವಾಗುತ್ತಾನೆ. ಎರಡನ್ನೂ ಕಲಸಿ ಅಂಬಲಿ ಮಾಡುವವನು ಗುರುವೇ ಆಗಲಾರನು. ಎರಡೂ ಮನೆಗಳ ಬಾಗಿಲು ಯಾವುದು, ಹಿತ್ತಿಲು ಯಾವುದು ಎಂದು ತಿಳಿದವನಿಗೆ ಮಾತ್ರ ಶಿಷ್ಯನ ಕಂಠವನ್ನು ನೋಡಿ ಇವನನ್ನು ಯಾವ ಮನೆಗೆ ಕಳುಹಿಸಬೇಕೆಂಬ ವಿವೇಕವು ಬರುತ್ತದೆ. ಗ್ವಾಲಿಯರದವರು ಚೀಜಿನ ಸ್ಥಾಯಿ ಅಂತರಾಗಳನ್ನು ಮೊದಲೇ ನೆಟ್ಟಗೆ ನಿಲ್ಲಿಸಿ ಆ ಮೇಲೆ ಬೆಳೆಸುವವರು. ವಹೀದ್ ಖಾನ್ ಸಾಹೇಬರೋ, ಒಂದೊಂದೇ ಸ್ವರವನ್ನು ಅತಿ ವಿಲಂಬದಲ್ಲಿ ಬಿಡಿಸುತ್ತ ಹೋಗುವವರು. ಅವರ ಲಯದ ನಿಧಾನವು ಗಾಯಕರಲ್ಲಿಯೇ ಗಾದೆಯಂತೆ ಇದ್ದಿತು. ಇಷ್ಟೂ ಒಬ್ಬ ಉಪಾಧ್ಯಾಯರ ಕಂಠದಲ್ಲಿ ಕೂಡಿದ್ದುವು. ಶಿಷ್ಯನ ಕೈಯಲ್ಲಿ ಶುಲ್ಕವಿರಲಿ ಬಿಡಲಿ, ಅವನಿಗೆ ಸಿಗುತ್ತಿದ್ದುವು.

ಆ ಶಾಲೆಯು ಬಹುಕಾಲ ಒಂದೆಡೆ ನೆಲೆನಿಲ್ಲಲಿಲ್ಲ. ಗುರುಗಳು ಊರೂರು ತಿರುಗುತ್ತ, ಶಿಷ್ಯರನ್ನು ಕಟ್ಟಿಕೊಂಡು, ಭಕ್ತರು ಕೊಟ್ಟ ಜೋಳದಲ್ಲಿ ಅಡಿಗೆ ಮಾಡಿಸಿ, ಅಲ್ಲಿಯೇ ಪಾಠ ನಡೆಯಿಸುತ್ತಿದ್ದರು. ಅದು ಸಾಲದೆ ಬಂದಾಗ ನಾಟಕ ಮಂಡಳಿಯೊಂದನ್ನು ಕಟ್ಟಿ, ಅದರ ಉತ್ಪನ್ನದಿಂದ ಶಾಲೆಯನ್ನು ಸಾಕಿದರು. ಕಡೆಗೆ ಗದಗಿನಲ್ಲಿ ಆಶ್ರಮವು ಬೇರೂರಿತು. ಶುಲ್ಕವೆಷ್ಟೆಂದು ಎರಡು ಸಭೆಗಳನ್ನು ಕಳೆದ ನಾವು ಈ ನಾಟಕ ಮಂಡಳಿಯ ಕಥೆಯನ್ನು ಸ್ವಲ್ಪ ಧ್ಯಾನಿಸಿದರೆ ತಪ್ಪಾಗಲಾರದು. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ದೇಹವಿಟ್ಟರು.

ಅಲ್ಲಿಗೆ ಅನೇಕ ಶಾಲೆಗಳು ಮುಗಿಯುತ್ತವೆ, ಇದು ಮುಗಿಯಲಿಲ್ಲ. ಏಕೆಂದರೆ ಗುರುವು ಗುರುಗಳನ್ನು ಮಾಡಿ ಹೋಗಿದ್ದನು. 1914ರಲ್ಲಿ ಹುಟ್ಟಿ, ಎಳೆತನದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡು, ಸೋದರಮಾವನ ಆಸರೆಯಲ್ಲಿ ಬೆಳೆದ ಪುಟ್ಟರಾಜ ಗವಾಯಿಗಳು ಆ ಗದ್ದುಗೆಗೆ ಬಂದರು. ಅವರು ಹಿಂದುಸ್ತಾನಿ ಸಂಗೀತವನ್ನು ತಮ್ಮ ಗುರುವಿನಿಂದಲೂ ಕರ್ನಾಟಕ ಸಂಗೀತವನ್ನು ಮುಂಡರಗಿ ರಾಘವೇಂದ್ರಾಚಾರ್ಯರಿಂದಲೂ ಪಡೆದವರು. ಹಾಡುವುದಲ್ಲದೆ ಹಾರ್ಮೋನಿಯಂ, ಪಿಟೀಲು, ತಬಲಾ ಮುಂತಾದ ವಾದ್ಯಗಳನ್ನು ನುಡಿಸಿದರು, ನಾಟಕಗಳನ್ನು ಬರೆದರು, ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಗ್ರಂಥಗಳನ್ನು ರಚಿಸಿದರು. 2010ರಲ್ಲಿ ಸರಕಾರವು ಪದ್ಮಭೂಷಣವನ್ನಿತ್ತಿತು. ಅದೇ ವರ್ಷದ ಸೆಪ್ಟೆಂಬರದಲ್ಲಿ ಅವರು ತೀರಿಕೊಂಡರು. ಅರವತ್ತು ವರ್ಷಗಳಿಗೂ ಮಿಕ್ಕಿ ಒಬ್ಬನೇ ಉಪಾಧ್ಯಾಯನು ಒಂದು ಶಾಲೆಯನ್ನು ಹೊತ್ತದ್ದು ನಮ್ಮ ಪ್ರಾಂತದಲ್ಲಿ ಬೇರೆಲ್ಲಿ ಉಂಟು?

ಆಶ್ರಮದ ಶಿಷ್ಯರು ಯಾವ ಯಾವ ಸೀಮೆಯಿಂದ ಬಂದರೆಂಬುದನ್ನೂ ನೋಡಿರಿ. ಬಸವರಾಜ ರಾಜಗುರುಗಳು ಧಾರವಾಡ ಸೀಮೆಯ ಯಲಿವಾಳದವರು. ಸಿದ್ಧರಾಮ ಜಂಬಲದಿನ್ನಿಯವರು ರಾಯಚೂರ ಸೀಮೆಯವರು. ಅದು ಆಗ ನಿಜಾಮರ ಆಳಿಕೆ. ಗುರುವಿನ ಒಂದು ವಿದ್ಯೆ ಬಂದದ್ದು ಮೈಸೂರ ಸಂಸ್ಥಾನದಿಂದ. ನಾಡು ಒಂದಾದದ್ದು 1956ರಲ್ಲಿ. ಅದಕ್ಕಿಂತ ಎಷ್ಟೋ ಮೊದಲೇ ಮೂರು ಆಳಿಕೆಗಳ ಕನ್ನಡವು ಆ ಒಂದು ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದಿತು. ರಾಜಗುರುಗಳು ತಮ್ಮ ಗುರುವು ತೀರಿದ ಮೇಲೆಯೂ ಕಲಿಯುವುದನ್ನು ನಿಲ್ಲಿಸಲಿಲ್ಲ. ಸವಾಯಿ ಗಂಧರ್ವರಲ್ಲಿಗೆ ಹೋದರು, ಸುರೇಶಬಾಬು ಮಾನೆಯವರಲ್ಲಿಗೆ ಹೋದರು, ಬೇರೆ ಉಸ್ತಾದರಲ್ಲಿಗೂ ಹೋದರು. ಹೆಸರು ಬಂದ ಗಾಯಕನು ಮತ್ತೊಬ್ಬನ ಮುಂದೆ ಶಿಷ್ಯನಾಗಿ ಕುಳಿತುಕೊಳ್ಳುವುದು ಸುಲಭವಲ್ಲ ಎಂಬುದನ್ನು ಉಪಾಧ್ಯಾಯರಾದ ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಆ ಮೇಲೆ ಅವರು ಧಾರವಾಡದಲ್ಲಿದ್ದು ಕಲಿಸಿದಾಗ ಹಾಸಣಗಿ ಗಣಪತಿ ಭಟ್ಟರು, ಪರಮೇಶ್ವರ ಹೆಗಡೆಯವರು ಮೊದಲಾದ ಉತ್ತರ ಕನ್ನಡದ ಅಡಕೆ ತೋಟದ ಮನೆಗಳ ಹುಡುಗರು ಅವರ ಶಿಷ್ಯರಾದರು. ಗದಗಿನ ಎರೆಭೂಮಿಯ ಪಾಠವು ಘಟ್ಟದ ಕಾಡಿಗೆ ಹೋದ ಬಗೆ ಇದು.

ಎಂ. ವೆಂಕಟೇಶಕುಮಾರರ ಕಥೆಯೂ ನಿಮಗೆ ತಿಳಿದದ್ದೇ. ಬಳ್ಳಾರಿಯ ಕಡೆಯ ಜಾನಪದ ಗಾಯಕರ ಮನೆಯ ಹುಡುಗ. ತೊಗಲುಗೊಂಬೆಯಾಟಕ್ಕೂ ರಂಗಭೂಮಿಗೂ ಹೆಸರಾದ ಬೆಳಗಲ್ಲು ವೀರಣ್ಣನವರು ಅವರಿಗೆ ಸೋದರಮಾವ. ಅವರೇ 1968ರಲ್ಲಿ ಹುಡುಗನನ್ನು ಪುಟ್ಟರಾಜರ ಬಳಿಗೆ ತಂದು ಬಿಟ್ಟರು. ಹನ್ನೆರಡು ವರ್ಷ ಆಶ್ರಮವಾಸ. ಅನಂತರ ಧಾರವಾಡದ ಸಂಗೀತ ಕಾಲೇಜಿನಲ್ಲಿ ಬಹುಕಾಲ ಉಪಾಧ್ಯಾಯರು; 2016ರಲ್ಲಿ ಪದ್ಮಶ್ರೀ. ಬಯಲಾಟದ ಬಲವಾದ ಕಂಠವೊಂದು ಖಯಾಲಿಗೆ ಬಂದುದು ಹೀಗೆ. ಬಯಲಾಟವೆಂದರೆ ಮೂಗು ಮುರಿಯುವ ಸಭ್ಯರು ನಮ್ಮಲ್ಲಿ ಈಗಲೂ ಇದ್ದಾರೆ; ಅವರ ಹೆಸರನ್ನು ನಾನು ಹೇಳುವುದಿಲ್ಲ.

ಆಶ್ರಮವೆಂದರೆ ವೈರಾಗ್ಯದ ಮಾತಾಯಿತು, ನಮ್ಮಂಥ ಗೃಹಸ್ಥರ ಊರಿಗೆ ಅದು ಹೊಂದೀತೆ ಎನ್ನುವಿರಾದರೆ, ಧಾರವಾಡದ ಟ್ರೇನಿಂಗ ಕಾಲೇಜನ್ನು ನೆನೆಯಿರಿ. ಹಳ್ಳಿಯ ಶಾಲಾಮಾಸ್ತರರನ್ನು ಸಿದ್ಧಗೊಳಿಸುವ ಆ ಸರಕಾರೀ ವಿದ್ಯಾಲಯದಲ್ಲಿ ಒಂದು ಕಾಲಕ್ಕೆ ಸಂಗೀತ ಕಲಿಸುತ್ತಿದ್ದವರು ಭಾಸ್ಕರಬುವಾ ಬಖಲೆಯವರು! ಅವರು ಗ್ವಾಲಿಯರದ ಪದ್ಧತಿಯನ್ನು ಫೈಜ್ ಮಹಮ್ಮದ ಖಾನರಿಂದ, ಆಗ್ರಾ ಪದ್ಧತಿಯನ್ನು ಮೈಸೂರ ಆಸ್ಥಾನದಲ್ಲಿಯೂ ಇದ್ದ ನತ್ಥನ್ ಖಾನರಿಂದ, ಜಯಪುರದ ಪದ್ಧತಿಯನ್ನು ಅಲ್ಲಾದಿಯಾ ಖಾನರಿಂದ ಪಡೆದವರು. ಮೂರು ಮನೆತನಗಳ ಐಶ್ವರ್ಯವನ್ನು ಹೊತ್ತವರು ಕನ್ನಡ ಶಾಲಾಮಾಸ್ತರರಿಗೆ ಸ್ವರ ಹೇಳಿಕೊಡುತ್ತಿದ್ದರು.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ; ಹೇಳದಿದ್ದರೆ ಈ ಭಾಷಣವು ಪರೋಪದೇಶವಾದೀತು.

ಹತ್ತು ವರ್ಷಗಳ ಹಿಂದೆ ನಮ್ಮ ನೆರೆಯ ಊರಿನ ಒಂದು ಸಂಸ್ಥೆಯಲ್ಲಿ ಸಂಗೀತದ ವರ್ಗವು ನಡೆಯುತ್ತಿದ್ದಿತು. ನಾನು ಅದರ ಕಾರ್ಯಕಾರೀ ಮಂಡಳಿಯಲ್ಲಿದ್ದೆನು. ಅಲ್ಲಿ ಕಲಿಸುತ್ತಿದ್ದ ಉಪಾಧ್ಯಾಯರು ಅಂಧರು. ಗುರುವಿನ ಮನೆಯಲ್ಲಿ ಹನ್ನೆರಡು ವರ್ಷ ಇದ್ದವರು. ಪರೀಕ್ಷೆಯ ಪ್ರಮಾಣಪತ್ರವು ಅವರಲ್ಲಿರಲಿಲ್ಲ. ಮೊದಲನೆಯ ವರ್ಗದ ಪ್ರಮಾಣಪತ್ರವುಳ್ಳ ಇನ್ನೊಬ್ಬರು ಅರ್ಜಿ ಹಾಕಿದರು. ಪತ್ರವಿದ್ದವರನ್ನು ಬಿಟ್ಟು ಇಲ್ಲದವರನ್ನು ಇಟ್ಟುಕೊಂಡರೆ ಮೇಲಿನವರು ಆಕ್ಷೇಪಿಸುವರೆಂದು ಮಂಡಳಿಯು ತೀರ್ಮಾನಿಸಿತು. ನಾನು ಕೈಯೆತ್ತಿದೆನು, ಅಷ್ಟೇ ಅಲ್ಲ, ಅವರನ್ನು ಬಿಡುಗಡೆ ಮಾಡುವ ಪತ್ರದ ಒಕ್ಕಣೆಯೂ ನನ್ನದೇ. ಅದರಲ್ಲಿ ಕಾನೂನಿನ ಒಂದು ದೋಷವೂ ಇರಲಿಲ್ಲ. ಹೊಸಬರು ಸಜ್ಜನರೇ, ಆದರೆ ಅವರ ವಿದ್ಯೆಯು ವಹಿಯಲ್ಲಿದ್ದಿತು. ವಹಿಯನ್ನು ಮುಚ್ಚಿದರೆ ಪಾಠವೂ ಮುಚ್ಚುತ್ತಿದ್ದಿತು. ಎರಡು ವರ್ಷಗಳಲ್ಲಿ ಮಕ್ಕಳು ಚದುರಿದರು, ವರ್ಗವು ನಿಂತಿತು.

ಒಂದು ದಿನ ಆ ಹಳೆಯ ಉಪಾಧ್ಯಾಯರು ಒಬ್ಬ ಹುಡುಗನ ಭುಜವನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ದೂರು ಹೇಳಲು ಬಂದಿರಬೇಕೆಂದು ನಾನು ಉತ್ತರವನ್ನು ಸಿದ್ಧಮಾಡಿಕೊಂಡೆನು. ಅವರೆಂದರು: “ವಕೀಲ ಸಾಹೇಬರೇ, ನನ್ನ ತಂಬೂರಿ ಅಲ್ಲೇ ಉಳದೈತ್ರಿ. ಅದು ನಮ್ಮ ಗುರುಗಳು ಕೊಟ್ಟದ್ದು. ಅದನ್ನಷ್ಟು ಕೊಡಿಸಿಕೊಡ್ರಿ.” ಸಂಸ್ಥೆಯ ಯಾದಿಯಲ್ಲಿ ಅದನ್ನು ಸಂಸ್ಥೆಯ ಆಸ್ತಿಯೆಂದು ಬರೆದುಕೊಂಡಿದ್ದರು. ಅದನ್ನು ಬಿಡಿಸಲು ನಾನು ಮೂರು ಪತ್ರಗಳನ್ನು ಬರೆಯಬೇಕಾಯಿತು. ಮೂರನೆಯ ಪತ್ರದಲ್ಲಿ ಆ ತಂಬೂರಿಯ ಒಡೆತನವನ್ನು ಸ್ಥಾಪಿಸುವುದಕ್ಕಾಗಿ, ಇದು ಇವರಿಗೆ ಯಾರಿಂದ ಬಂದಿತು, ಅವರಿಗೆ ಯಾರಿಂದ ಬಂದಿತು ಎಂದು ಕೇಳಿ ಬರೆದುಕೊಂಡೆನು. ಆಗ ಅವರ ಗುರುಪರಂಪರೆಯು ನನಗೆ ಮೊದಲ ಸಲ ತಿಳಿಯಿತು! ತಂಬೂರಿಗೆ ಕೇಳಿದ ಪ್ರಶ್ನೆಯನ್ನು ಮನುಷ್ಯನಿಗೆ ಮೊದಲೇ ಕೇಳಿದ್ದರೆ ಆ ಪತ್ರವನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಪ್ರಮಾಣಪತ್ರವು ಬೇಡವೆಂದು ನಾನು ಹೇಳುವುದಿಲ್ಲ. ಪರೀಕ್ಷೆ ಮಾಡಿಯೂ ಚೆನ್ನಾಗಿ ಹಾಡುವವರು, ಚೆನ್ನಾಗಿ ಕಲಿಸುವವರು ನಮ್ಮಲ್ಲಿ ಎಷ್ಟೋ ಜನರಿದ್ದಾರೆ. ಗುರುಮನೆಯ ಹೆಸರು ಹೇಳಿಕೊಂಡು ಸೋಮಾರಿಗಳಾದವರೂ ಇಲ್ಲದಿಲ್ಲ. ನನ್ನ ಬೇಡಿಕೆಯು ಇಷ್ಟೇ. ಬರುವ ಆದಿತ್ಯವಾರ ಉಪಾಧ್ಯಾಯರನ್ನು ಆರಿಸುವ ಸಭೆಯು ಕೂಡಿದಾಗ, ಅರ್ಜಿದಾರರನ್ನು ಮೇಜಿನ ಮುಂದೆ ನಿಲ್ಲಿಸಿ ಕಾಗದ ನೋಡುವುದಕ್ಕಿಂತ ಮೊದಲು, ಒಂದು ಜಮಖಾನೆ ಹಾಸಿ ಕೂಡಿಸಿರಿ. ಯಾರ ಬಳಿ ಎಷ್ಟು ವರ್ಷ ಕಲಿತಿರಿ ಎಂದು ಕೇಳಿರಿ. ಈಗಲೂ ಯಾರಲ್ಲಿಗಾದರೂ ಕಲಿಯಲು ಹೋಗುತ್ತೀರಾ ಎಂದು ಕೇಳಿರಿ. ಆ ಮೇಲೆ, ಊರ ಶಾಲೆಯ ನಾಲ್ಕು ಮಕ್ಕಳನ್ನು ಕರೆತಂದು ಅವರ ಮುಂದೆ ಕೂಡಿಸಿ, ಅರ್ಧ ತಾಸು ಪಾಠ ಹೇಳಿಸಿರಿ. ಉಪಾಧ್ಯಾಯರ ಗಾಯನವನ್ನಲ್ಲ, ಮಕ್ಕಳ ಷಡ್ಜವನ್ನು ಕೇಳಿರಿ. ಆರಿಸಿದ ಮೇಲೆ ಅವರ ಸಂಬಳವನ್ನು ಮಕ್ಕಳ ಸಂಖ್ಯೆಗೆ ಕಟ್ಟಬೇಡಿರಿ. ಮಳೆಗಾಲದಲ್ಲಿ ಹುಡುಗರು ಹೊಲಕ್ಕೆ ಹೋದರೆ ಗುರುವಿನ ಮನೆಯ ಒಲೆ ಆರಬಾರದು.

ನಾನು ಹೇಳಿದ ಆ ಉಪಾಧ್ಯಾಯರು ಈಗ ಹನುಮಂತದೇವರ ಗುಡಿಯ ಪಡಸಾಲೆಯಲ್ಲಿ ಆರು ಮಕ್ಕಳಿಗೆ ಪಾಠ ಹೇಳುತ್ತಿದ್ದಾರೆ. ಅವರು ತಾವಾಗಿ ಅರ್ಜಿ ಹಾಕಲಾರರು. ಅವರನ್ನು ಸಭೆಗೆ ಕರೆತರುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ಆಯ್ಕೆಯು ನಿಮ್ಮದು. ವರ್ಗಣಿಯ ಯಾದಿಯು ಬಾಗಿಲ ಬಳಿಯಲ್ಲಿದೆ. ರೊಕ್ಕ ಕೊಡಲಾರದವರು ಸುಗ್ಗಿಯ ಮೇಲೆ ಒಂದು ಚೀಲ ಜೋಳವೆಂದು ಬರೆದರೂ ಕಾರ್ಯದರ್ಶಿಗಳು ಸ್ವೀಕರಿಸುವರು.