ಪೇಟೆ ರಸ್ತೆ ಯಾರದು, ದುಡ್ಡು ಯಾರದು?
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಸಂಘ ನಡೆದು ಬಂದ ದಾರಿಯ ಬಗ್ಗೆ ಮಾತಾಡುವುದು ವಾಡಿಕೆ. ಆ ಕೆಲಸವನ್ನು ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ಚೆನ್ನಾಗಿ ಮಾಡಿದ್ದಾರೆ. ನಾವು ಮಾತಾಡಬೇಕೆಂದು ನಿಂತಿರುವುದು ಸಂಘದ ಬಾಗಿಲ ಮುಂದೆ ಹಾದುಹೋಗುವ ಪೇಟೆ ರಸ್ತೆಯ ಬಗ್ಗೆ. ಬೆಳಗಿನ ಜಾವ ಹಾಲಿನ ಕ್ಯಾನು ಹಿಡಿದು ಈ ರಸ್ತೆ ದಾಟದೆ ಯಾವ ಸದಸ್ಯರೂ ಸಂಘಕ್ಕೆ ಬರೋದಕ್ಕೆ ಆಗೋದಿಲ್ಲ. ಗೊಬ್ಬರದ ಅಂಗಡಿ, ಬ್ಯಾಂಕು, ಹೋಟೆಲು ಈ ಕಡೆ. ಶಾಲೆ, ಆಸ್ಪತ್ರೆ ಆ ಕಡೆ. ಮಧ್ಯದಲ್ಲಿ ಕಬ್ಬಿನ ಲಾರಿ, ಮರಳಿನ ಲಾರಿ, ಬಸ್ಸು. ಸಂತೆ ದಿನವಂತೂ ಕೇಳುವ ಹಾಗೇ ಇಲ್ಲ.

ಈ ರಸ್ತೆಯಲ್ಲಿ ಪೆಟ್ಟು ತಿಂದವರ ಮನೆಯವರು ಈ ಸಭೆಯಲ್ಲೇ ಕೂತಿದ್ದಾರೆ. ಹೆಸರು ಹೇಳಿ ಅವರ ದುಃಖ ಕೆದಕುವುದು ಬೇಡ. ದೇಶದ ಲೆಕ್ಕ ಮಾತ್ರ ಹೇಳುತ್ತೇವೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಕರ್ನಾಟಕದಲ್ಲಿ 11,702, ಅಂದರೆ ದಿನಕ್ಕೆ 32 ಜನ. ದೇಶದ ಲೆಕ್ಕದಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು, 32,825 ಮಂದಿ ನಡೆದು ಹೋಗುತ್ತಿದ್ದವರು. ಕಾರಿನಲ್ಲಿ ಹೋಗುವ ದೊಡ್ಡವರ ಸಮಸ್ಯೆ ಇದು ಅಂತ ಯಾರೂ ತಿಳಿಯಬೇಡಿ. ಸೈಕಲ್ಲು, ಮೊಪೆಡ್ಡು, ಬರಿಗಾಲು, ಅಂದರೆ ನಮ್ಮಂಥವರದೇ ಲೆಕ್ಕ ಇದು.

ಅಪಘಾತ ಆದ ದಿನ ನಾವೆಲ್ಲ ಏನು ಮಾಡುತ್ತೇವೆ? ರಸ್ತೆಗೆ ಕಲ್ಲು ಅಡ್ಡ ಇಟ್ಟು ಕೂರುತ್ತೇವೆ. ಅಧಿಕಾರಿಗಳು ಬರುತ್ತಾರೆ, ‘ಮಾಡಿಸೋಣ’ ಅನ್ನುತ್ತಾರೆ, ಸಂಜೆಗೆ ಎದ್ದು ಮನೆಗೆ ಹೋಗುತ್ತೇವೆ. ಆಮೇಲೆ ಅರ್ಜಿ ಬರೆಯುತ್ತೇವೆ. ಆ ಅರ್ಜಿ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ತಿರುಗಿ, ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅಂತ ಒಂದು ಸಾಲಿನ ಹಿಂಬರಹದೊಂದಿಗೆ ವಾಪಸ್ಸು ಬರುತ್ತದೆ. ಅದನ್ನು ಓದಿ ಬೈದುಕೊಳ್ಳುತ್ತೇವೆ. ಆದರೆ ಆ ಒಂದು ಸಾಲಿನಲ್ಲೇ ನಮಗೆ ಬೇಕಾದ ಪ್ರಶ್ನೆ ಇದೆ: ಈ ರಸ್ತೆ ಯಾರ ವ್ಯಾಪ್ತಿಗೆ ಬರುತ್ತದೆ?

ರಸ್ತೆ ನೋಡುವುದಕ್ಕೆ ಎಲ್ಲಾ ಒಂದೇ, ಕಪ್ಪು ಡಾಂಬರು. ಕಾಗದದಲ್ಲಿ ಬೇರೆ ಬೇರೆ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಆದರೆ ಲೋಕೋಪಯೋಗಿ ಇಲಾಖೆ. ಹಳ್ಳಿ ರಸ್ತೆ ಆದರೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ಇಲಾಖೆ, ಊರೊಳಗಿನ ಬೀದಿಗೆ ಗ್ರಾಮ ಪಂಚಾಯ್ತಿ. ರಾಷ್ಟ್ರೀಯ ಹೆದ್ದಾರಿ ಆದರೆ ದುಡ್ಡು ದೆಹಲಿಯದು. ಕೆಲವು ಕಡೆ ಹೆದ್ದಾರಿ ಪ್ರಾಧಿಕಾರ ನೋಡಿಕೊಳ್ಳುತ್ತದೆ, ಕೆಲವು ಕಡೆ ರಾಜ್ಯದ ರಾಷ್ಟ್ರೀಯ ಹೆದ್ದಾರಿ ವಿಭಾಗ. ನಮ್ಮ ಪೇಟೆ ರಸ್ತೆ ರಾಜ್ಯ ಹೆದ್ದಾರಿ. ಆದರೆ ಅದರ ಪಕ್ಕದ ಬೀದಿ ದೀಪ ಪಂಚಾಯ್ತಿಯದು. ಕಂಬ, ತಂತಿ ವಿದ್ಯುತ್ ಕಂಪನಿಯದು. ವೇಗ ಹಿಡಿಯುವುದು ಪೊಲೀಸಿನವರ ಕೆಲಸ. ಬಸ್ಸು ನಿಲ್ಲಿಸುವ ಜಾಗಕ್ಕೆ ಸಾರಿಗೆಯವರನ್ನು ಕೇಳಬೇಕು. ಐದು ಜನ ಗಂಡಂದಿರಿರುವ ದ್ರೌಪದಿಯ ಪಾಡು ಅಂತ ನಮ್ಮ ಹಿರಿಯ ನಿರ್ದೇಶಕರೊಬ್ಬರು ಹೇಳಿದ್ದರು. ಸೀರೆ ಎಳೆಯುವಾಗ ಒಬ್ಬರೂ ಏಳಲಿಲ್ಲವಲ್ಲ, ಹಾಗೆ.

ಈ ಐವರೂ ಒಂದೇ ಮೇಜಿನ ಸುತ್ತ ಕೂರುವ ಜಾಗ ಒಂದಿದೆ, ಅದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇರಬೇಕೆಂದು ಸುಪ್ರೀಂ ಕೋರ್ಟು 2017ರ ನವೆಂಬರ್ 30ರಂದು ಹೇಳಿದೆ. ಪೊಲೀಸ್ ವರಿಷ್ಠಾಧಿಕಾರಿ, ರಸ್ತೆ ಇಲಾಖೆಯವರು, ಆರೋಗ್ಯ ಇಲಾಖೆಯವರು ಅದರಲ್ಲಿರುತ್ತಾರೆ. ಅರ್ಜಿ ಅಲ್ಲಿಗೆ ಹೋದರೆ ‘ನಮ್ಮ ವ್ಯಾಪ್ತಿ ಅಲ್ಲ’ ಅನ್ನುವುದಕ್ಕೆ ಯಾರಿಗೂ ಬಾಯಿ ಬರೋದಿಲ್ಲ, ಯಾಕೆಂದರೆ ವ್ಯಾಪ್ತಿ ಇರುವವರೂ ಪಕ್ಕದ ಕುರ್ಚಿಯಲ್ಲೇ ಇರುತ್ತಾರೆ.

ಅಲ್ಲಿ ಕೇಳುವ ಮೊದಲ ಮಾತು, ‘ದಾಖಲೆ ಎಲ್ಲಿ?’ ಅಂತ. ಇಲ್ಲಿ ನಮ್ಮ ಊರಿನ ಒಂದು ಹಳೆಯ ಚಾಳಿ ಹೇಳಲೇಬೇಕು. ಡಿಕ್ಕಿ ಆದರೆ ಸಾಕು, ಹೋಟೆಲ್ ಮುಂದೆ ಪಂಚಾಯ್ತಿ ಸೇರುತ್ತದೆ. ಆಸ್ಪತ್ರೆ ಖರ್ಚಿಗೆ ಇಷ್ಟು, ಗಾಡಿ ರಿಪೇರಿಗೆ ಇಷ್ಟು ಅಂತ ರಾಜಿ ಆಗುತ್ತದೆ. ಕೋರ್ಟು ಕಚೇರಿ ಅಲೆಯುವುದು ತಪ್ಪಿತು ಅಂತ ಎಲ್ಲರಿಗೂ ಸಮಾಧಾನ. ಆದರೆ ಸರ್ಕಾರದ ಪುಸ್ತಕದಲ್ಲಿ ಆ ಅಪಘಾತ ನಡೆದೇ ಇಲ್ಲ! ರಾಷ್ಟ್ರೀಯ ಹೆದ್ದಾರಿಗೆ ಒಂದು ನಿಯಮ ಇದೆ: ಸುಮಾರು 500 ಮೀಟರ್ ಉದ್ದದಲ್ಲಿ, ಮೂರು ವರ್ಷದಲ್ಲಿ, ಸಾವು ಇಲ್ಲವೆ ಭಾರೀ ಗಾಯದ ಐದು ಅಪಘಾತ ಆಗಿರಬೇಕು, ಅಥವಾ ಹತ್ತು ಸಾವು ಆಗಿರಬೇಕು. ಆಗ ಅದು ‘ಬ್ಲ್ಯಾಕ್ ಸ್ಪಾಟ್’. ರಾಜ್ಯದ ರಸ್ತೆಗಳಲ್ಲೂ ಪಟ್ಟಿ ಮಾಡುವುದು ಪೊಲೀಸ್ ದಾಖಲೆಯಿಂದಲೇ. ಪಟ್ಟಿಯಲ್ಲಿ ಹೆಸರಿದ್ದರೆ ದುಡ್ಡು ಹುಡುಕಿಕೊಂಡು ಬರುತ್ತದೆ, ಇಲ್ಲದಿದ್ದರೆ ನಾವು ದುಡ್ಡನ್ನು ಹುಡುಕಿಕೊಂಡು ಹೋಗಬೇಕು. ಈಗಂತೂ ಪೊಲೀಸರು ಸ್ಥಳದಲ್ಲೇ ಮೊಬೈಲಿನಲ್ಲಿ ಜಾಗದ ಗುರುತು ಸಮೇತ ಅಪಘಾತ ದಾಖಲಿಸುವ ವ್ಯವಸ್ಥೆ ಬಂದಿದೆ. ರಾಜಿ ಮಾಡಿಕೊಳ್ಳುವುದು ನಿಮ್ಮ ಇಷ್ಟ, ಆದರೆ ಠಾಣೆಯಲ್ಲಿ ಬರೆಸಿ ಆಮೇಲೆ ಮಾತಾಡಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸರು ಪೀಡಿಸಬಾರದು ಅಂತ ಸುಪ್ರೀಂ ಕೋರ್ಟಿನ 2016ರ ಆದೇಶ ಇದೆ. 2019ರ ತಿದ್ದುಪಡಿಯಲ್ಲಿ ಅದು ಮೋಟಾರು ವಾಹನ ಕಾಯ್ದೆಯೊಳಗೇ ಸೇರಿತು. ಹೆದರುವ ಕಾರಣ ಇಲ್ಲ.

ಇನ್ನು, ನಾವು ಕೇಳಬೇಕಾದದ್ದು ಏನು? ಊರಿನಲ್ಲಿ ಎರಡು ಅಭಿಪ್ರಾಯ ಇದೆ ಅಂತ ಬಲ್ಲೆವು. ರಸ್ತೆ ಅಗಲ ಮಾಡಿಸಿ ಅಂತ ಒಂದು ಗುಂಪು. ಅಗಲ ಮಾಡಿದರೆ ಅಂಗಡಿ ಮುಂಗಟ್ಟು ಹೋಗುತ್ತದೆ ಅಂತ ಇನ್ನೊಂದು ಗುಂಪು. ಈ ಜಗಳದಲ್ಲಿ ವರ್ಷಗಳೇ ಕಳೆದವು. ಸಂಘದ ಅಭಿಪ್ರಾಯ ಎರಡೂ ಅಲ್ಲ. ಪೇಟೆಯೊಳಗೆ ರಸ್ತೆ ಅಗಲವಾದಷ್ಟೂ ಲಾರಿಯ ವೇಗ ಹೆಚ್ಚುತ್ತದೆ, ಕ್ಯಾನು ಹಿಡಿದ ಮುದುಕಿ ದಾಟಬೇಕಾದ ದೂರವೂ ಹೆಚ್ಚುತ್ತದೆ. ನಮಗೆ ಬೇಕಾದ್ದು ವೇಗ ಇಳಿಯುವುದು. 2020ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ಜಾಗತಿಕ ಸಮ್ಮೇಳನದ ಘೋಷಣೆಯೂ ಇದನ್ನೇ ಹೇಳಿದೆ: ನಡೆಯುವವರೂ ವಾಹನಗಳೂ ಬೆರೆಯುವ ಜಾಗದಲ್ಲಿ ಗಂಟೆಗೆ 30 ಕಿಲೋಮೀಟರಿಗಿಂತ ಹೆಚ್ಚು ವೇಗ ಬೇಡ.

ಹಾಗಂತ ನಾವೇ ರಾತ್ರೋರಾತ್ರಿ ಮಣ್ಣು, ಜಲ್ಲಿ ಸುರಿದು ಹಂಪು ಮಾಡುವ ಕೆಲಸ ಸಾಕು. ಬಣ್ಣ ಇಲ್ಲದ, ಬೋರ್ಡು ಇಲ್ಲದ, ಗೋಡೆಯ ಹಾಗೆ ನಿಂತ ಉಬ್ಬು ಕತ್ತಲಲ್ಲಿ ಬೈಕಿನವನನ್ನೇ ಕೊಲ್ಲುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ಒಂದು ಸಂಸ್ಥೆ ಇದೆ. ಪಕ್ಷ ಅಲ್ಲ, ಗಾಬರಿ ಬೇಡ, 1934ರಲ್ಲಿ ಶುರುವಾದ ರಸ್ತೆ ಇಂಜಿನಿಯರುಗಳ ಸಂಸ್ಥೆ. ಅವರು 1988ರಲ್ಲೇ ಕೊಟ್ಟ ಅಳತೆಯಂತೆ ದುಂಡನೆಯ ಉಬ್ಬು 3.7 ಮೀಟರ್ ಅಗಲ ಇರಬೇಕು, ಎತ್ತರ 10 ಸೆಂಟಿಮೀಟರ್ ಅಷ್ಟೇ. ಸುಮಾರು 40 ಮೀಟರ್ ಮುಂಚೆಯೇ ಎಚ್ಚರಿಕೆಯ ಫಲಕ ಇರಬೇಕು. ಹೆದ್ದಾರಿಯ ಮೇಲೆ ಉಬ್ಬಿಗೆ ಇಲಾಖೆಯವರು ಸುಲಭಕ್ಕೆ ಒಪ್ಪೋದಿಲ್ಲ, ಅದಕ್ಕೆ ಅವರ ಕಾರಣವೂ ಇದೆ. ಆದರೆ ಅದೇ ಸಂಸ್ಥೆ 2018ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಹಳ್ಳಿಯ ನಡುವೆ ಹಾಯುವ ರಸ್ತೆಗಳಲ್ಲಿ ವೇಗ ತಗ್ಗಿಸುವ ವಿಧಾನಗಳು ಇವೆ. ಅರ್ಜಿಯಲ್ಲಿ ‘ಹಂಪು ಹಾಕಿಸಿ’ ಅಂತ ಬರೆಯುವ ಬದಲು ‘ಈ ಮಾರ್ಗಸೂಚಿಯಂತೆ ಸ್ಥಳ ಪರಿಶೀಲಿಸಿ ಅಂದಾಜುಪಟ್ಟಿ ಮಾಡಿ’ ಅಂತ ಬರೆದರೆ, ಇಲ್ಲ ಅನ್ನುವುದು ಕಷ್ಟ.

ದುಡ್ಡಿನ ಮಾತಿಗೆ ಬರೋಣ. ಎಲ್ಲರೂ ಶಾಸಕರ ಮನೆ ಬಾಗಿಲಿಗೆ ಹೋಗುತ್ತಾರೆ. ಹೋಗಲಿ, ತಪ್ಪಿಲ್ಲ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಇದೆ, 1993ರಿಂದ ಸಂಸದರ ನಿಧಿಯೂ ಇದೆ. ಆದರೆ ಒಂದು ವಿಷಯ ತಿಳಿದಿರಲಿ: ಸಂಸದರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಇಲಾಖೆಯ ಕೆಲಸ ಆದರೆ ಮೊದಲು ಅಂದಾಜುಪಟ್ಟಿ, ಆಮೇಲೆ ಆಡಳಿತಾತ್ಮಕ ಮಂಜೂರಾತಿ, ಆಮೇಲೆ ತಾಂತ್ರಿಕ ಮಂಜೂರಾತಿ, ಟೆಂಡರು, ಕಾರ್ಯಾದೇಶ. ಮುಖಂಡರು ಬಂದು ಗುದ್ದಲಿ ಪೂಜೆ ಮಾಡಿದ ಮಾತ್ರಕ್ಕೆ ಇವೆಲ್ಲ ಆಗಿವೆ ಅಂತ ಅಲ್ಲ. ಯಾರೇ ‘ಆಗ್ತಾ ಇದೆ’ ಅಂದರೂ ‘ಯಾವ ಹಂತದಲ್ಲಿದೆ ಸ್ವಾಮಿ?’ ಅಂತ ಕೇಳಿ. ಕಡತ ನಿಂತಿರುವ ಮೇಜು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಮತ್ತೆ, ಬಿಳಿ ಪಟ್ಟೆ, ಫಲಕ, ನಾಲ್ಕು ದೀಪ, ಬಸ್ಸು ನಿಲ್ಲುವ ಜಾಗ ಅಡ್ಡರಸ್ತೆಯ ಬಾಯಿಂದ ಆಚೆಗೆ ಸರಿಸುವುದು, ಇವಕ್ಕೆ ರಸ್ತೆ ಅಗಲೀಕರಣದ ದುಡ್ಡು ಬೇಕಿಲ್ಲ. ದೊಡ್ಡ ಯೋಜನೆ ಬರಲಿ ಅಂತ ಕಾಯುತ್ತಾ ಸಣ್ಣದನ್ನು ಕೇಳದೆ ಬಿಟ್ಟಿದ್ದೇವಲ್ಲ, ಅದೇ ನಮಗೆ ನೋವು.

ಇದೆಲ್ಲ ಆಗುವ ಹೋಗುವ ಮಾತೇ ಅಂತ ಕೇಳುವವರಿಗೆ ಬೆಳಗಾವಿ ಕಡೆ ಬೆರಳು ತೋರಿಸುತ್ತೇವೆ. ಬೆಳಗಾವಿಯಿಂದ ಯರಗಟ್ಟಿಗೆ ಹೋಗುವ ರಾಜ್ಯ ಹೆದ್ದಾರಿಯ ಸುಮಾರು 62 ಕಿಲೋಮೀಟರನ್ನು, ವಿಶ್ವಬ್ಯಾಂಕಿನ ಸಾಲದ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆಯಲ್ಲಿ, ಮಾದರಿ ಸುರಕ್ಷಿತ ರಸ್ತೆ ಅಂತ ಆರಿಸಿಕೊಂಡರು. ನಮ್ಮದರ ಹಾಗೆಯೇ ಊರುಗಳ ನಡುವೆ ಹಾಯುವ ರಸ್ತೆ. ಅಲ್ಲಿ ರಸ್ತೆಯವರು ಒಬ್ಬರೇ ಕೆಲಸ ಮಾಡಲಿಲ್ಲ. ಪೊಲೀಸರು, ಸಾರಿಗೆಯವರು, ಆರೋಗ್ಯದವರು ಕೂಡಿ ಮಾಡಿದರು. ಸಾವಿನ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯಿತು ಅಂತ ವಿಶ್ವಬ್ಯಾಂಕೇ ಬರೆದಿದೆ. ಆ ಮಟ್ಟದ ದುಡ್ಡು ನಮಗೆ ಬರೋದಿಲ್ಲ, ನಿಜ. ಆದರೆ ಕೂಡಿ ಕೂರುವುದಕ್ಕೆ ಯಾವ ಸಾಲ ಬೇಕು?

ಸಂಘ ಏನು ಕೊಡುತ್ತದೆ ಅಂತ ಕೇಳಿದ್ದೀರಿ. ಸಂಘದ ದುಡ್ಡು ಹಾಲು ಹಾಕಿದವರ ಬೆವರು. ಕಾಯ್ದಿಟ್ಟ ನಿಧಿಗೆ ನಾವು ಕೈ ಹಾಕೋದಿಲ್ಲ, ಕಾಯ್ದೆಯೂ ಬಿಡೋದಿಲ್ಲ. ಬೈಲಾದಲ್ಲಿ ಅವಕಾಶ ಇರುವ ಸಾರ್ವಜನಿಕ ಹಿತದ ಬಾಬ್ತಿನಿಂದ, ಮುಂದಿನ ಸರ್ವಸದಸ್ಯರ ಸಭೆ ಒಪ್ಪಿದರೆ, ಡೈರಿ ಮುಂದಿನ ದೀಪದ ಖರ್ಚನ್ನು ಪಂಚಾಯ್ತಿಯ ಅನುಮತಿ ಪಡೆದು ಭರಿಸುತ್ತೇವೆ. ರಸ್ತೆಯ ಮೇಲೆ ಹಾಕುವ ಒಂದು ಬುಟ್ಟಿ ಜಲ್ಲಿಯೂ ಇಲಾಖೆಯದೇ ಆಗಬೇಕು. ಅದನ್ನು ನಾವೇ ಮಾಡಿಬಿಟ್ಟರೆ ನಾಳೆ ಹೊಣೆ ಹೊರುವವರು ಯಾರೂ ಇರೋದಿಲ್ಲ. ರಸ್ತೆ ಮಾಡಿದವರು ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು ನೋವು ಆದರೆ ಅವರಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ಅಂತ 2019ರ ತಿದ್ದುಪಡಿಯೇ ಹೇಳುತ್ತದೆ.

ಅಂಗಡಿಯ ಬಂಧುಗಳಲ್ಲಿ ಒಂದು ಕೋರಿಕೆ. ಸಾಮಾನು ಫುಟ್‌ಪಾತಿಗೆ ಇಳಿದರೆ ಗಿರಾಕಿ ಡಾಂಬರಿಗೆ ಇಳಿಯುತ್ತಾನೆ. ಮೊದಲು ನಮ್ಮ ಸಂಘದ ಕ್ಯಾನುಗಳನ್ನೇ ಒಳಗೆ ಎತ್ತಿ ಇಡಿಸಿದ್ದೇವೆ. ಬೇಕಾದರೆ ಹೋಗಿ ನೋಡಿ.

ಜಿಲ್ಲಾ ಸಮಿತಿಗೆ ಬರೆದ ಮನವಿ ಕಾರ್ಯದರ್ಶಿಗಳ ಮೇಜಿನ ಮೇಲಿದೆ. ಅದರ ಪಕ್ಕದಲ್ಲೇ ಒಂದು ಖಾಲಿ ರಿಜಿಸ್ಟರು ಇಟ್ಟಿದ್ದೇವೆ: ತಾರೀಕು, ಜಾಗ, ಹೊತ್ತು, ಯಾವ ಗಾಡಿ, ಠಾಣೆಯಲ್ಲಿ ಬರೆಸಿದ್ದಾರೋ ಇಲ್ಲವೋ. ಇವತ್ತಿನಿಂದ ಸಣ್ಣ ಡಿಕ್ಕಿಯೂ ಅದರಲ್ಲಿ ಬರಬೇಕು. ಊಟಕ್ಕೆ ಎಲೆ ಹಾಕುವ ಮೊದಲು ಮನವಿಗೆ ಸಹಿ ಮಾಡಿ, ಹೆಬ್ಬೆಟ್ಟು ಆದರೂ ಸರಿ. ಊಟದ ಏರ್ಪಾಟು ಶಾಲೆಯ ಅಂಗಳದಲ್ಲಿದೆ, ರಸ್ತೆ ದಾಟಬೇಕು. ನಮ್ಮ ಯುವಕರು ಹಸಿರು ಬಾವುಟ ಹಿಡಿದು ಎರಡೂ ಕಡೆ ನಿಂತಿರುತ್ತಾರೆ. ಅವರು ಹೇಳುವ ತನಕ ಯಾರೂ ಇಳಿಯಬೇಡಿ.