ಪಾರ್ಕಿಂಗಿನಲ್ಲಿ ಉಳಿಯುವ ಪಿಸ್ತೂಲು



ವಾಹನದಲ್ಲಿ ಪಿಸ್ತೂಲು ಒಯ್ಯುವ ಮತ್ತು ಇಡುವ ಬಗ್ಗೆ ಮೈಸೂರಿನಲ್ಲಿ ವಿಚಾರ ಸಂಕಿರಣವೇ ಎಂದು ಕೆಲವು ಗೆಳೆಯರು ಹುಬ್ಬೇರಿಸಿದರು. ಪಿಂಚಣಿದಾರರ ಊರು, ಸಂಗೀತದ ಊರು, ಇಲ್ಲಿಗೇಕೆ ಈ ವಿಷಯ ಎಂಬುದು ಅವರ ಪ್ರಶ್ನೆ. ಆಯುಧಕ್ಕೂ ವಾಹನಕ್ಕೂ ಒಂದೇ ದಿನ ಪೂಜೆ ಮಾಡುವ ಊರು ನಮ್ಮದು. ಆಯುಧಪೂಜೆಯ ಬೆಳಿಗ್ಗೆ ಅರಮನೆಯೊಳಗೆ ಪಟ್ಟದ ಕತ್ತಿಗೆ ಅರಿಶಿನ ಕುಂಕುಮ ಆಗುತ್ತಿರುವಾಗ ಕುವೆಂಪುನಗರದ ಬೀದಿಯಲ್ಲಿ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿರುತ್ತೇವೆ. ಆದರೆ ಆ ಎರಡೂ ಒಂದೇ ಕಡೆ ಸೇರಿದಾಗ, ಎಂದರೆ ಕಾರಿನೊಳಗೆ ಆಯುಧ ಇದ್ದಾಗ, ಏನು ಮಾಡಬೇಕೆಂದು ನಾವು ಕೂತು ಯೋಚಿಸಿದ್ದು ಕಡಿಮೆ.

2021ರ ಆಗಸ್ಟ್ 23ರ ಸಂಜೆ ನಮ್ಮೂರಿನ ವಿದ್ಯಾರಣ್ಯಪುರದ ಚಿನ್ನದ ಅಂಗಡಿಗೆ ದರೋಡೆಕೋರರು ನುಗ್ಗಿದ್ದು, ಅಂಗಡಿಗೆ ಬಂದಿದ್ದ ಯುವಕ ಗುಂಡಿಗೆ ಬಲಿಯಾದದ್ದು ನಿಮಗೆಲ್ಲ ನೆನಪಿದೆ. ಇಂಥದ್ದು ನಡೆದಾಗ ವ್ಯಾಪಾರಿಗೆ ಮೊದಲು ಹೊಳೆಯುವುದು, ‘ನನ್ನ ಬಳಿಯೂ ಒಂದಿರಬೇಕಿತ್ತು’ ಎಂಬುದೇ. ಆ ಭಯವನ್ನು ನಾನು ಹಗುರಾಗಿ ನೋಡುವುದಿಲ್ಲ. ಆದರೆ ಲೈಸೆನ್ಸ್ ಸಿಕ್ಕಿದ ಮೇಲೆ ಆ ಪಿಸ್ತೂಲಿನ ದಿನಚರಿ ಏನು ಎಂಬುದನ್ನು ಅರ್ಜಿ ಹಾಕುವವನೂ ಕೇಳಿಕೊಳ್ಳುವುದಿಲ್ಲ, ಅವನಿಗೆ ಯಾರೂ ಹೇಳುವುದೂ ಇಲ್ಲ. ತೋಟದ ಕೋವಿಗೆ ಒಂದು ಮನೆ ಇರುತ್ತದೆ, ಗೋಡೆಯ ಮೇಲೆ ಒಂದು ಜಾಗ ಇರುತ್ತದೆ. ಪಿಸ್ತೂಲು ಹಾಗಲ್ಲ, ಅದು ಯಜಮಾನನ ಜತೆ ತಿರುಗಾಡುತ್ತದೆ. ತಿರುಗಾಟದ ಬಹುಭಾಗ ಕಳೆಯುವುದು ಕಾರಿನಲ್ಲಿ.

ಮೊದಲು ಕಾನೂನಿನ ಮಾತು. ಅಮೆರಿಕದಲ್ಲಿ ಆಯುಧ ಹೊಂದುವುದು ಸಂವಿಧಾನ ಕೊಟ್ಟ ಹಕ್ಕು. ನಮ್ಮಲ್ಲಿ ಅಂಥ ಮೂಲಭೂತ ಹಕ್ಕಿಲ್ಲ. ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಮತ್ತೊಮ್ಮೆ ಎತ್ತಿ ಹೇಳಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು ಕೊಡುವುದು ಷರತ್ತಿನ ಅನುಮತಿ ಮಾತ್ರ. ನಗರದಲ್ಲಿ ಅದನ್ನು ಕೊಡುವವರು ಪೊಲೀಸ್ ಕಮಿಷನರ್, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ. 2019ರ ತಿದ್ದುಪಡಿಯ ನಂತರ ಒಬ್ಬನ ಹೆಸರಿನಲ್ಲಿ ಮೂರರ ಬದಲು ಎರಡೇ ಬಂದೂಕು. ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಇದಿಷ್ಟು ಸಾಮಾನ್ಯವಾಗಿ ಎಲ್ಲರಿಗೂ ಗೊತ್ತು.

ವಾಹನದ ಬಗ್ಗೆ ಕಾಯ್ದೆ ಹೇಳುವುದು ಮಾತ್ರ ಹೆಚ್ಚಿನ ಲೈಸೆನ್ಸ್‌ದಾರರಿಗೆ ಗೊತ್ತಿಲ್ಲ. ಕಲಂ 23 ನೋಡಿ. ಕಾಯ್ದೆ ಉಲ್ಲಂಘನೆ ಆಗುತ್ತಿದೆಯೇ ಎಂದು ತಿಳಿಯಲು ಯಾವುದೇ ಪೊಲೀಸ್ ಅಧಿಕಾರಿ ವಾಹನ ತಡೆದು ಶೋಧಿಸಬಹುದು. ಸಿಕ್ಕಿದ ಆಯುಧವನ್ನು ಅದಿದ್ದ ವಾಹನದ ಸಮೇತ ವಶಪಡಿಸಿಕೊಳ್ಳಬಹುದು. ಕಲಂ 19ರ ಪ್ರಕಾರ ಲೈಸೆನ್ಸ್ ತೋರಿಸು ಎಂದು ಕೇಳಬಹುದು. ‘ಮನೆಯಲ್ಲಿದೆ ಸಾರ್, ನಾಳೆ ತಂದು ತೋರಿಸ್ತೀನಿ’ ಎಂಬುದು ಉತ್ತರವಲ್ಲ. ಕಲಂ 20 ಇನ್ನೂ ಕಟ್ಟುನಿಟ್ಟು. ಕಾನೂನುಬಾಹಿರ ಉದ್ದೇಶಕ್ಕೆ ಒಯ್ಯುತ್ತಿದ್ದಾನೆ ಎಂದು ಅನುಮಾನಿಸಲು ನ್ಯಾಯವಾದ ಕಾರಣವಿದ್ದರೆ, ಲೈಸೆನ್ಸ್ ಇರಲಿ ಬಿಡಲಿ, ವಾರಂಟ್ ಇಲ್ಲದೆ ಬಂಧಿಸಬಹುದು. ಲೈಸೆನ್ಸ್ ಇದ್ದರೂ ಎಂಬ ಮಾತು ಕಾಯ್ದೆಯಲ್ಲೇ ಇದೆ, ನಾನು ಸೇರಿಸಿದ್ದಲ್ಲ.

ಇನ್ನು ಡ್ರೈವರ್ ವಿಚಾರ. ಯಜಮಾನರು ಮದುವೆ ಮಂಟಪದೊಳಗೆ ಹೋಗುವಾಗ ಸೊಂಟದಿಂದ ಬಿಚ್ಚಿ ‘ಇಟ್ಕೊಂಡಿರಪ್ಪ’ ಎಂದು ಡ್ರೈವರ್ ಕೈಗೆ ಕೊಟ್ಟುಹೋಗುವುದುಂಟು. ಲೈಸೆನ್ಸ್ ಇಲ್ಲದವನು ಆಯುಧ ಒಯ್ಯುವುದಕ್ಕೆ ಕಲಂ 3ರ ವಿನಾಯಿತಿ ತೀರ ಕಿರಿದು. ಲೈಸೆನ್ಸ್‌ದಾರನ ಎದುರಿನಲ್ಲಿ ಅಥವಾ ಅವನ ಲಿಖಿತ ಅಧಿಕಾರದ ಮೇಲೆ, ಅದೂ ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ ಅಥವಾ ಯಜಮಾನನ ಬಳಕೆಗೆ ಮಾತ್ರ. ಮಂಟಪದ ಹೊರಗೆ ಬೀಡಿ ಸೇದುತ್ತಾ ನಿಂತ ಡ್ರೈವರ್ ಈ ಯಾವುದರಲ್ಲೂ ಬರುವುದಿಲ್ಲ. ಗುಣವಂತಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1972ರಲ್ಲಿ ಸ್ವಾಧೀನಕ್ಕೆ ಎರಡು ಅಳತೆಗೋಲು ಕೊಟ್ಟಿತು: ಆಯುಧ ಇದೆ ಎಂಬ ಅರಿವು, ಮತ್ತು ಕೈಯಲ್ಲಿ ಇಲ್ಲದಿದ್ದರೂ ಅದರ ಮೇಲಿನ ಹಿಡಿತ. ಇವತ್ತು ಒಂದೇ ಕಾರಿನಲ್ಲಿ ನಾಲ್ವರಿದ್ದು ಸೀಟಿನ ಕೆಳಗೆ ಪಿಸ್ತೂಲು ಸಿಕ್ಕರೆ ವಾದವೆಲ್ಲ ನಡೆಯುವುದು ಈ ಎರಡರ ಸುತ್ತಲೇ. ಯುವ ವಕೀಲರು ಆ ತೀರ್ಪನ್ನು ತಪ್ಪದೆ ಓದಬೇಕು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಲೈಸೆನ್ಸ್ ಪುಸ್ತಕದ ಷರತ್ತುಗಳನ್ನು ಓದಿದವರಿಗೆ ಗೊತ್ತು: ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕ ಸಭೆಗೆ, ಶಿಕ್ಷಣ ಸಂಸ್ಥೆಯ ಆವರಣದೊಳಕ್ಕೆ ಆಯುಧ ಒಯ್ಯುವಂತಿಲ್ಲ. ಮೈಸೂರಿನಲ್ಲಿ ಇದರ ಅರ್ಥವೇನು? ಜಂಬೂಸವಾರಿಗೆ ಇಲ್ಲ, ಚಾಮುಂಡಿ ಬೆಟ್ಟದ ತೇರಿಗೆ ಇಲ್ಲ, ನಂಜನಗೂಡಿನ ದೊಡ್ಡ ಜಾತ್ರೆಗೆ ಇಲ್ಲ, ಸುತ್ತೂರು ಜಾತ್ರೆಗೆ ಇಲ್ಲ, ಮಗಳನ್ನು ಕರೆತರಲು ಕಾಲೇಜಿಗೆ ಹೋದಾಗಲೂ ಇಲ್ಲ. ಇದರ ಮೇಲೆ ಕೋರ್ಟು, ಅರಮನೆ, ಮಾಲ್, ವಿಮಾನ ನಿಲ್ದಾಣಗಳಲ್ಲಿ ಲೋಹಶೋಧಕ. ಷರತ್ತುಗಳೆಲ್ಲ ಸರಿಯೇ, ಒಂದನ್ನೂ ಸಡಿಲಿಸಿ ಎಂದು ನಾನು ಕೇಳುವುದಿಲ್ಲ. ಆದರೆ ಬಾಗಿಲಲ್ಲಿ ಆಯುಧ ಬೇಡ ಎಂದವರು ಅದನ್ನು ಎಲ್ಲಿ ಬಿಟ್ಟುಬರಬೇಕೆಂದು ಹೇಳುವುದಿಲ್ಲ. ಯಜಮಾನ ತಿರುಗಿ ಹೋಗಿ ಅದನ್ನು ಕಾರಿನಲ್ಲಿಟ್ಟು, ಬಾಗಿಲು ಹಾಕಿ ಬರುತ್ತಾನೆ. ಒಯ್ಯುವ ಲೈಸೆನ್ಸ್ ಇದ್ದವನ ಪಿಸ್ತೂಲು ಒಯ್ಯುವವನಿಲ್ಲದೆ ಪಾರ್ಕಿಂಗಿನಲ್ಲಿ ಉಳಿಯುತ್ತದೆ. ಈ ಸಭಾಂಗಣವೂ ಶಿಕ್ಷಣ ಸಂಸ್ಥೆಯದೇ. ನಮ್ಮ ಪಾರ್ಕಿಂಗ್ ಆವರಣದ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಮಧ್ಯಾಹ್ನದ ಗೋಷ್ಠಿಯವರು ಬೇಕಾದರೆ ಮೊದಲ ಪ್ರಶ್ನೆಯಾಗಿ ಎತ್ತಿಕೊಳ್ಳಲಿ!

2016ರ ನಿಯಮಗಳು ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಹೇಗಿರಬೇಕೆಂದು ಹೇಳುತ್ತವೆ. ಹೋಲ್‌ಸ್ಟರ್‌ನಲ್ಲಿ ಅಥವಾ ಅಂಥ ಚೀಲದಲ್ಲಿರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲಿರಬೇಕು. ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕಾರನ್ನು ದೇವರಾಜ ಅರಸ್ ರಸ್ತೆಯಲ್ಲಿ ನಿಲ್ಲಿಸಿ, ಊಟಕ್ಕೆ ಹೋದವನ ಹಿಡಿತದಲ್ಲಿ ಆ ಪಿಸ್ತೂಲು ಇದೆಯೇ? ನನ್ನ ಪ್ರಕಾರ ಇಲ್ಲ. ಕಾರು ಆಯುಧವನ್ನು ಒಯ್ಯುವ ಸಾಧನವೇ ಹೊರತು ಇಡುವ ಜಾಗವಲ್ಲ. ಗಾಜು ಒಡೆದು ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗುವವನ ಕೈಗೆ ಅಕಸ್ಮಾತ್ ಪಿಸ್ತೂಲು ಸಿಕ್ಕರೆ, ಲೈಸೆನ್ಸಿನ ಆಯುಧ ಅರೆಕ್ಷಣದಲ್ಲಿ ಅಕ್ರಮ ಆಯುಧವಾಗುತ್ತದೆ. ಅಮೆರಿಕದಲ್ಲಿ ಈಗ ಆಗುತ್ತಿರುವುದೂ ಇದೇ. ಅಲ್ಲಿ ಹಲವು ರಾಜ್ಯಗಳು ಕಾರಿನಲ್ಲಿ ಪಿಸ್ತೂಲಿಡಲು ಧಾರಾಳವಾಗಿ ಬಿಟ್ಟಿವೆ. ಕಳವಾಗುವ ಬಂದೂಕುಗಳಲ್ಲಿ ದೊಡ್ಡ ಪಾಲು ಹೋಗುವುದು ನಿಲ್ಲಿಸಿದ ಕಾರುಗಳಿಂದಲೇ. ಹಕ್ಕು ಇದ್ದ ದೇಶಕ್ಕೂ ಬೀಗದ ಪ್ರಶ್ನೆ ತಪ್ಪಲಿಲ್ಲ.

ಕಾರಿನೊಳಗೆ ಜನ ಎಲ್ಲಿಡುತ್ತಾರೆ ನೋಡಿ. ಮೊದಲ ಆಯ್ಕೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆ. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆಯ ಚೀಟಿ ಇರುವುದೂ ಅಲ್ಲೇ. ಈಗ ರಾತ್ರಿ ಹನ್ನೊಂದಕ್ಕೆ ಕೊಲಂಬಿಯಾ ಏಷ್ಯಾ ಸರ್ಕಲ್ಲಿನ ಬಳಿ ತಪಾಸಣೆ ನಡೆದಿದೆ ಎಂದುಕೊಳ್ಳಿ. ಪೇದೆ ಟಾರ್ಚ್ ಬಿಟ್ಟು ‘ಡಾಕ್ಯುಮೆಂಟ್ಸ್ ಕೊಡಿ’ ಎನ್ನುತ್ತಾರೆ. ಯಜಮಾನರು ಬಗ್ಗಿ ಪೆಟ್ಟಿಗೆ ತೆರೆಯುತ್ತಾರೆ, ಕಾಗದಗಳ ಮೇಲೆ ರಿವಾಲ್ವರ್, ಅದರ ಪಕ್ಕಕ್ಕೇ ಅವರ ಕೈ. ಯಜಮಾನರ ಮನಸ್ಸಿನಲ್ಲಿ ಆರ್‌ಸಿ ಇದೆ, ಪೇದೆಗೆ ಕಾಣುವುದು ಕೈ ಮತ್ತು ರಿವಾಲ್ವರ್. ಮುಂದಿನ ಎರಡು ಸೆಕೆಂಡಿನಲ್ಲಿ ಏನು ಬೇಕಾದರೂ ಆಗಬಹುದು, ಅದರಲ್ಲಿ ಪೇದೆಯ ತಪ್ಪೇನೂ ಇರುವುದಿಲ್ಲ. ಆದ್ದರಿಂದ ಆಯುಧ ಮತ್ತು ಕಾಗದ ಎಂದೂ ಒಂದೇ ಕಡೆ ಇರಕೂಡದು. ಗಾಡಿ ನಿಲ್ಲಿಸಿದಾಗ ಒಳದೀಪ ಹಾಕಿ, ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು, ‘ಸಾರ್, ನನ್ನ ಹತ್ರ ಲೈಸೆನ್ಸ್ ಇರೋ ರಿವಾಲ್ವರ್ ಇದೆ, ಇಂಥಲ್ಲಿದೆ’ ಎಂದು ಮೊದಲೇ ಬಾಯಲ್ಲಿ ಹೇಳಬೇಕು. ಮುಟ್ಟುವುದು ಅವರು ಹೇಳಿದ ಮೇಲೆ.

ಎರಡನೆಯ ಆಯ್ಕೆ ಡ್ರೈವರ್ ಸೀಟಿನ ಕೆಳಗೆ. ಬ್ರೇಕ್ ಹಾಕಿದಾಗ ಅದು ಜಾರಿ ಪೆಡಲ್ ಅಡಿಗೆ ಬರಬಹುದು ಎಂದು ಯಾರೂ ಯೋಚಿಸುವುದಿಲ್ಲ. ಹಿಂದಿನ ಸೀಟಿನ ಮಗು ಬಿದ್ದ ಆಟಿಕೆ ಹುಡುಕಲು ಕೈ ಹಾಕುವುದೂ ಅಲ್ಲಿಗೇ. ಸರ್ವಿಸಿಗೆ ಬಿಟ್ಟ ಕಾರಿನ ಸೀಟಿನಡಿ, ಹೋಟೆಲ್ ಹುಡುಗನ ಕೈಗೆ ಕೀ ಕೊಟ್ಟ ಕಾರಿನ ಡಿಕ್ಕಿಯಲ್ಲಿ ಮರೆತ ಆಯುಧದ ಕಥೆಗಳು ನಮ್ಮ ವಕೀಲರ ಸಂಘದಲ್ಲಿ ಕಾಫಿಯ ಜತೆ ಬರುತ್ತಲೇ ಇರುತ್ತವೆ. ಕಾರನ್ನು ಬಿಸಿಲಲ್ಲಿ ಬಿಟ್ಟರೆ ಗುಂಡು ತಾನಾಗಿ ಹಾರುತ್ತದೆಯೇ ಎಂದು ಆಗಾಗ ಕೇಳುತ್ತಾರೆ. ಇಲ್ಲ, ನಮ್ಮ ಏಪ್ರಿಲ್ ಬಿಸಿಲಿಗೆ ಆ ಶಕ್ತಿಯಿಲ್ಲ. ಆದರೆ ದಿನಗಟ್ಟಲೆ ಶಾಖ ತಿಂದ ತೋಟಾ ಬೇಕಾದಾಗ ಕೈಕೊಡಬಹುದು, ಪಿಸ್ತೂಲಿಗೆ ತುಕ್ಕೂ ಹಿಡಿಯಬಹುದು.

ಇಡಲೇಬೇಕಾಗಿ ಬಂದರೆ ಹೇಗೆ? ಮೊದಲು ಖಾಲಿ ಮಾಡಿ. ಖಾಲಿ ಮಾಡುವುದಕ್ಕೂ ಒಂದು ಕ್ರಮವಿದೆ. ನಳಿಗೆ ಯಾರ ಕಡೆಗೂ ತಿರುಗಿರಬಾರದು, ಬೆರಳು ಟ್ರಿಗರ್‌ನಿಂದ ಹೊರಗಿರಬೇಕು. ಪಿಸ್ತೂಲಾದರೆ ಮೊದಲು ಮ್ಯಾಗಜೀನ್ ತೆಗೆಯಬೇಕು, ಆಮೇಲೆ ಸ್ಲೈಡ್ ಹಿಂದಕ್ಕೆಳೆದು ಚೇಂಬರಿನಲ್ಲಿ ಉಳಿದ ಗುಂಡನ್ನು ಹೊರಹಾಕಬೇಕು. ಈ ಕ್ರಮ ತಿರುವುಮುರುವಾದರೆ, ಸ್ಲೈಡ್ ಮುಂದೆ ಹೋಗುವಾಗ ಮ್ಯಾಗಜೀನಿನಿಂದ ಇನ್ನೊಂದು ಗುಂಡು ಚೇಂಬರಿಗೆ ಏರಿ ಕೂರುತ್ತದೆ. ಖಾಲಿ ಎಂದುಕೊಂಡ ಪಿಸ್ತೂಲು ಹಾರುವುದಕ್ಕೆ ಹಳೆಯ ಕಾರಣ ಇದೇ. ಕೊನೆಗೆ ಚೇಂಬರನ್ನು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ಕಾನ್‌ಪುರದ .32 ರಿವಾಲ್ವರ್ ಆದರೆ ಸಿಲಿಂಡರ್ ತೆರೆದು ತೋಟಾಗಳನ್ನೆಲ್ಲ ಉದುರಿಸಿ, ಎಣಿಸಿ. ಇದನ್ನೆಲ್ಲ ಮನೆಯಲ್ಲಿ, ಹೊರಡುವ ಮುಂಚೆ ಮಾಡಿ. ಪಾರ್ಕಿಂಗಿನಲ್ಲಿ ಸ್ಟಿಯರಿಂಗ್ ಹಿಂದೆ ಕೂತು ಮಾಡುವ ಕೆಲಸವಲ್ಲ. ಆಯುಧ ಒಂದು ಕಡೆ, ತೋಟಾ ಇನ್ನೊಂದು ಕಡೆ. ಆಯುಧವಿರುವುದು ಕಾರಿನ ಚೌಕಟ್ಟಿಗೆ ಬೋಲ್ಟ್ ಮಾಡಿದ, ಬೀಗವಿರುವ ಉಕ್ಕಿನ ಪೆಟ್ಟಿಗೆಯಲ್ಲಿ, ಡಿಕ್ಕಿಯೊಳಗೆ, ಹೊರಗಿನವರ ಕಣ್ಣಿಗೆ ಬೀಳದಂತೆ. ಅದೂ ಅರ್ಧಗಂಟೆಯ ಮಾತು, ರಾತ್ರಿಯ ಮಾತಲ್ಲ. ಕಳೆದುಹೋದರೆ ತಕ್ಷಣ ಹತ್ತಿರದ ಠಾಣೆಗೆ ತಿಳಿಸಬೇಕೆಂಬುದು ಲೈಸೆನ್ಸಿನ ಷರತ್ತು. ಮರ್ಯಾದೆಗೆ ಅಂಜಿ ಎರಡು ದಿನ ಹುಡುಕುತ್ತಾ ಕೂರುವುದು ಅಪರಾಧಿಗೆ ಕೊಟ್ಟ ಎರಡು ದಿನ.

ಅರಣ್ಯ ಇಲಾಖೆಯವರು ಬಂದಿರುವುದರಿಂದ ಒಂದು ಗಂಟನ್ನು ಅವರ ಮುಂದಿಡುತ್ತೇನೆ. ಮೈಸೂರಿನಿಂದ ಊಟಿಗೋ ವಯನಾಡಿಗೋ ಹೊರಟವನು ಗುಂಡ್ಲುಪೇಟೆಯ ದಾರಿ ಹಿಡಿದರೆ ಬಂಡೀಪುರ ಹೊಗಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಲಂ 27 ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವನಿಗೆ ದಾರಿ ಬಿಡುತ್ತದೆ. ಕಲಂ 31 ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಯಾವ ಆಯುಧದೊಂದಿಗೂ ಒಳಬರುವಂತಿಲ್ಲ ಎನ್ನುತ್ತದೆ, ಹೆದ್ದಾರಿಯವನಿಗೆಂದು ಪ್ರತ್ಯೇಕ ವಿನಾಯಿತಿ ಹೇಳುವುದಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದು ಅನ್ವಯ. ಹಾಗಾದರೆ ಡಿಕ್ಕಿಯಲ್ಲಿ ಬೀಗ ಹಾಕಿದ ಪಿಸ್ತೂಲಿನ ಯಜಮಾನ ಮೇಲುಕಾಮನಹಳ್ಳಿ ಚೆಕ್‌ಪೋಸ್ಟಿನಲ್ಲಿ ಏನು ಹೇಳಬೇಕು? ನನ್ನ ಸಲಹೆ ಕೇಳಿದರೆ, ಆಯುಧವನ್ನು ಮನೆಯಲ್ಲೇ ಬಿಟ್ಟು ಹೋಗಿ ಎನ್ನುತ್ತೇನೆ. ಕರ್ನಾಟಕಕ್ಕೆ ಸೀಮಿತವಾದ ಲೈಸೆನ್ಸ್ ತಮಿಳುನಾಡು ಗಡಿಯ ಕಕ್ಕನಹಳ್ಳ ದಾಟಿದ ಮೇಲೆ ಹೇಗೂ ಕಾಗದದ ತುಂಡು.

ಕೊಡಗಿನ ಗೆಳೆಯರಿಗೂ ಒಂದು ಮಾತು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಂದು ಪೂಜೆಗೊಳ್ಳುವ ಕೋವಿಯ ಮೇಲೆ ನನಗೆ ಗೌರವವಿದೆ. ಆದರೆ ಆ ವಿನಾಯಿತಿ ಯಾವ ಆಯುಧಕ್ಕೆ, ಎಲ್ಲಿಯವರೆಗೆ ಎಂಬುದನ್ನು ಆದೇಶದಲ್ಲೇ ಓದಿಕೊಳ್ಳಿ. ಕುಶಾಲನಗರದಿಂದ ಮೈಸೂರಿನವರೆಗೆ ಕಾರಿನಲ್ಲಿ ಪಾಲಿಸಬೇಕಾದ ಎಚ್ಚರ ಎಲ್ಲರಂತೆಯೇ.

ಈ ಸಂಕಿರಣದಿಂದ ನಾನು ಬಯಸುವುದು ಗ್ರಂಥವನ್ನಲ್ಲ. ಚುನಾವಣೆ ಬಂದಾಗ ಜಿಲ್ಲೆಯ ಆಯುಧಗಳನ್ನು ಠಾಣೆಗಳಲ್ಲಿ ಠೇವಣಿ ಇಡಿಸಿಕೊಂಡು ರಸೀದಿ ಕೊಡುವ ವ್ಯವಸ್ಥೆ ನಮ್ಮಲ್ಲಿ ಆಗಲೇ ಇದೆ. ವಾರಗಟ್ಟಲೆ ಇಟ್ಟುಕೊಳ್ಳಬಲ್ಲ ಇಲಾಖೆಗೆ ಮೂರು ಗಂಟೆ ಇಟ್ಟುಕೊಳ್ಳುವುದು ಕಷ್ಟವಲ್ಲ. ಕೋರ್ಟ್ ಆವರಣದಲ್ಲಿ, ಚಾಮುಂಡಿ ಬೆಟ್ಟದ ಬುಡದಲ್ಲಿ, ದಸರಾ ದಿನಗಳಲ್ಲಿ ಅರಮನೆ ಸುತ್ತಲಿನ ಠಾಣೆಗಳಲ್ಲಿ ಲೈಸೆನ್ಸ್ ಆಯುಧಕ್ಕೆ ದಿನದ ಠೇವಣಿ ಪೆಟ್ಟಿಗೆ ಇರಲಿ. ಲೈಸೆನ್ಸ್ ಕೊಡುವಾಗ ಮತ್ತು ನವೀಕರಿಸುವಾಗ ವಾಹನದ ನಿಯಮಗಳನ್ನು ಒಂದೇ ಪುಟದಲ್ಲಿ, ಕನ್ನಡದಲ್ಲಿ ಅಚ್ಚು ಹಾಕಿ ಸಹಿ ಪಡೆಯಲಿ. ಬಂಡೀಪುರದ ಗಂಟಿಗೆ ಎರಡು ಇಲಾಖೆಗಳೂ ಕೂತು ಒಂದು ಸುತ್ತೋಲೆ ಬರೆಯಲಿ. ಇವತ್ತು ಸಂಜೆ ನೀವು ಮಾಡುವ ನಿರ್ಣಯದಲ್ಲಿ ಈ ಮೂರೂ ಸೇರಬೇಕೆಂದು, ಅದರ ಪ್ರತಿ ಬರುವ ದಸರೆಗೆ ಮುಂಚೆ ಕಮಿಷನರ್ ಕಚೇರಿಗೂ ಜಿಲ್ಲಾಧಿಕಾರಿ ಕಚೇರಿಗೂ ತಲುಪಬೇಕೆಂದು ಕೇಳಿಕೊಳ್ಳುತ್ತೇನೆ.